ಕ್ಷಮೆಯ ಆಳ

ಬೆಳಗ್ಗೆ ಎದ್ದು ನೆಲಕ್ಕೆ ಕಾಲಿಡುವ ಮುನ್ನ ಭೂದೇವಿಯ ಕ್ಷಮೆ ಕೇಳುವ ರೂಢಿ ನಮ್ಮಲ್ಲಿ ಬಹಳ ಹಳೆಯದು. ತುಳಿಯದೆ ಬದುಕಲಾಗದು, ಆದ್ದರಿಂದ ತುಳಿಯುವುದನ್ನು ಮನ್ನಿಸು ಎಂಬ ಆ ಬೇಡಿಕೆಯಲ್ಲಿ ದೊಡ್ಡ ವಿನಯವಿದೆ. ಆದರೆ ಬೇಡುವವರ ಮನಸ್ಸಿನಲ್ಲಿ ಒಂದು ನಂಬಿಕೆ ಮೊದಲೇ ಕೂತಿರುತ್ತದೆ: ಕೇಳಿದರೆ ಕ್ಷಮೆ ಸಿಕ್ಕೇ ಸಿಗುತ್ತದೆ. ಭೂಮಿಗೆ ಕ್ಷಮಾ ಎಂದೇ ಹೆಸರಲ್ಲವೇ? ಅಮರಕೋಶ ಅವಳನ್ನು ಸರ್ವಂಸಹಾ ಎನ್ನುತ್ತದೆ, ಎಲ್ಲವನ್ನೂ ಸಹಿಸುವವಳು. ಅದೇ ಪಟ್ಟಿಯಲ್ಲಿ ಅಚಲಾ, ಸ್ಥಿರಾ ಎಂಬ ಹೆಸರುಗಳೂ ಇವೆ. ಸಹನೆಗೆ ಹೋಲಿಕೆ ಬೇಕಾದಾಗಲೆಲ್ಲ ನಮ್ಮ ಮಾತು ಭೂಮಿತಾಯಿಯ ಕಡೆಗೇ ಹೊರಳುತ್ತದೆ. ಇಲ್ಲಿ ಎತ್ತಬೇಕೆಂದಿರುವ ಪ್ರಶ್ನೆ ಆ ಸಹನೆಯ ಕುರಿತದ್ದು. ಅದಕ್ಕೆ ಅಳತೆ ಇದೆಯೇ? ಇದೆ, ಅದನ್ನು ಗೇಣು ಅಂಗುಲಗಳಲ್ಲಿ ಅಳೆಯಬಹುದು, ಆ ಅಳತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಪ್ರಾರ್ಥನೆ ಅರ್ಧ ಪ್ರಾರ್ಥನೆ ಎಂಬುದು ನನ್ನ ವಾದ.

ಮುಂಗಾರಿನ ಮೊದಲ ಜೋರು ಮಳೆ ಬಂದುಹೋದ ಮರುದಿನ ಮಸಾರಿ ನೆಲದ ಯಾವ ಊರಿನಲ್ಲಾದರೂ ಸುಣ್ಣ ಬಳಿದ ಗೋಡೆಯ ಬುಡ ನೋಡಬೇಕು. ನೆಲದಿಂದ ಮೊಣಕಾಲೆತ್ತರದವರೆಗೆ ಕೆಂಪು ಚುಕ್ಕೆಗಳು ಎರಚಿಕೊಂಡಿರುತ್ತವೆ. ಹರಿಯುವ ನೀರು ಅಷ್ಟೆತ್ತರ ಏರಿರುವುದಿಲ್ಲ. ಅದು ಹನಿಗಳ ಕೆಲಸ. ದಪ್ಪ ಮಳೆಹನಿ ಗಂಟೆಗೆ ಸುಮಾರು 30 ಕಿ.ಮೀ. ವೇಗದಲ್ಲಿ ಬರಿಯ ನೆಲಕ್ಕೆ ಬಡಿದು, ಹೆಂಟೆಯನ್ನು ಒಡೆದು, ಪುಡಿಯನ್ನು ಸುತ್ತ ಚಿಮ್ಮಿಸುತ್ತದೆ. ಗೋಡೆ ಇದ್ದಲ್ಲಿ ಅದು ಕಣ್ಣಿಗೆ ಬೀಳುತ್ತದೆ, ಹೊಲದಲ್ಲಿ ಬೀಳುವುದಿಲ್ಲ. ಒಡೆದ ಮಣ್ಣಿನ ನುಣುಪು ಕಣಗಳು ನೆಲದ ಸಣ್ಣ ರಂಧ್ರಗಳಲ್ಲಿ ಕೂತು ಮೇಲ್ಮೈಯನ್ನು ಹಕ್ಕಳೆಗಟ್ಟಿಸುತ್ತವೆ. ಇಂಗಬೇಕಾದ ನೀರು ಇಂಗಲಾರದೆ ತೆಳ್ಳಗೆ ಹಾಳೆಯಂತೆ ಹರಿಯತೊಡಗುತ್ತದೆ, ಇಳಿಜಾರು ಸಿಕ್ಕಲ್ಲಿ ಗೀರು ಕೊರೆಯುತ್ತದೆ, ಗೀರುಗಳು ಕೂಡಿ ಕೊರಕಲಾಗುತ್ತವೆ. ಕೊರಕಲು ಬಿದ್ದ ಮೇಲೆ ಎಲ್ಲರಿಗೂ ಕಾಣುತ್ತದೆ. ಅದಕ್ಕೂ ಮೊದಲು ಹೊಲದ ಅಂಚಿನಲ್ಲಿ ಬಗ್ಗಿ ನೋಡಿದರೆ ಬೆಣಚುಕಲ್ಲಿನ ಚೂರುಗಳು ಬೆರಳ ದಪ್ಪದ ಮಣ್ಣಿನ ಕಂಬಗಳ ಮೇಲೆ ಕೊಡೆ ಹಿಡಿದಂತೆ ನಿಂತಿರುತ್ತವೆ. ಕಲ್ಲು ಮರೆಯಾದಲ್ಲಿ ಮಣ್ಣು ಉಳಿಯಿತು, ಸುತ್ತಲಿನದು ಹೋಯಿತು. ಆ ಕಂಬದ ಎತ್ತರವೇ ಒಂದೆರಡು ಮಳೆಯಲ್ಲಿ ನೆಲ ಕಳೆದುಕೊಂಡದ್ದರ ಲೆಕ್ಕ. ಹೋಗುವಾಗಲೂ ಮೊದಲು ಹೋಗುವುದು ಹಗುರಾದ ಜೇಡಿ ಮತ್ತು ಕೊಳೆತ ಎಲೆಗೊಬ್ಬರದ ಸತ್ವ. ಹಿಂದೆ ಉಳಿಯುವುದು ಮರಳು ಮತ್ತು ಗರಸು.

1983ರಲ್ಲಿ ಧ್ರುವನಾರಾಯಣ ಮತ್ತು ರಾಂಬಾಬು ಎಂಬ ವಿಜ್ಞಾನಿಗಳು ಇಡೀ ದೇಶದ ಅಂದಾಜು ಕೊಟ್ಟರು. ವರ್ಷಕ್ಕೆ ಸುಮಾರು 533 ಕೋಟಿ ಟನ್ ಮಣ್ಣು ತನ್ನ ಜಾಗ ಬಿಟ್ಟು ಕದಲುತ್ತದೆ, ಹೆಕ್ಟೇರಿಗೆ ಸರಾಸರಿ 16 ಟನ್ನಿಗೂ ಮೇಲೆ. ಅದರಲ್ಲಿ ಶೇ 29ರಷ್ಟು ಸಮುದ್ರದ ಪಾಲು, ಶೇ 10ರಷ್ಟು ಜಲಾಶಯಗಳ ಪಾಲು, ಉಳಿದದ್ದು ಒಂದೆಡೆಯಿಂದೆದ್ದು ಇನ್ನೊಂದೆಡೆ ಬಿದ್ದಿರುತ್ತದೆ. 16 ಟನ್ ಎಂದರೆ ದೊಡ್ಡದೆನಿಸುತ್ತದೆ, ಆದರೆ ಹೊಲದ ಮೇಲ್ಮೈ ತಗ್ಗುವುದು ಒಂದೂಕಾಲು ಮಿಲಿಮೀಟರ್ ಮಾತ್ರ, ಒಂದು ನಾಣ್ಯದ ದಪ್ಪ. ಒಬ್ಬ ರೈತನ ದುಡಿಮೆಯ ನಲವತ್ತು ವರ್ಷಗಳಲ್ಲಿ ಎರಡು ಅಂಗುಲ. ಇತ್ತ ಒಂದು ಅಂಗುಲ ಮೇಲ್ಮಣ್ಣು ಕೂಡಲು ನೂರಾರು ವರ್ಷ ಬೇಕು. ಮಣ್ಣಿನ ವಿಜ್ಞಾನಿಗಳು ಇಲ್ಲಿ ಬಳಸುವ ಪದ ನನ್ನನ್ನು ಬಹಳ ಯೋಚನೆಗೆ ಹಚ್ಚಿದೆ: ಸಹನಮಿತಿ. ನೆಲ ತನ್ನ ಫಲವನ್ನು ಕುಂದಿಸಿಕೊಳ್ಳದೆ ವರ್ಷಕ್ಕೆ ಎಷ್ಟು ಮಣ್ಣು ಕಳೆದುಕೊಳ್ಳಬಹುದು ಎಂಬುದರ ಮಿತಿ ಅದು. ಹೆಕ್ಟೇರಿಗೆ ಸುಮಾರು 11 ಟನ್ನನ್ನು ಬಹುಕಾಲ ಮೇಲ್ಮಿತಿಯಾಗಿ ಇಟ್ಟುಕೊಂಡಿದ್ದಾರೆ. ಮಣ್ಣು ಹುಟ್ಟುವ ವೇಗಕ್ಕೆ ಹೋಲಿಸಿದರೆ ಇದೂ ಉದಾರವೇ ಎನ್ನುವವರಿದ್ದಾರೆ. ಮಣ್ಣು ಆಳವಾಗಿರುವಲ್ಲಿ ಮಿತಿ ಹೆಚ್ಚು. ಗೇಣುದ್ದದ ಕೆಳಗೆ ಬಂಡೆ ಸಿಗುವ ತೆಳುನೆಲದಲ್ಲಿ ಅದು ನಾಲ್ಕೈದು ಟನ್ನಿಗೆ ಇಳಿಯುತ್ತದೆ. ಅಂದರೆ ಭೂಮಿಯ ಕ್ಷಮೆಗೆ ಆಳವಿದೆ ಎಂಬ ಮಾತು ಇಲ್ಲಿ ಅಲಂಕಾರವಲ್ಲ. ಮಣ್ಣಿನ ಆಳ ಎಷ್ಟೋ ಕ್ಷಮೆಯ ಆಳವೂ ಅಷ್ಟೇ.

ಇದು ವಿಜ್ಞಾನ ಹೊರಗಿನಿಂದ ತಂದು ಧರ್ಮದ ಮೇಲೆ ಹೇರಿದ ಮಾತು ಎಂದುಕೊಳ್ಳಬೇಕಿಲ್ಲ. ಅಥರ್ವವೇದದ 12ನೆಯ ಕಾಂಡದಲ್ಲಿರುವ ಭೂಮಿಸೂಕ್ತದ 63 ಮಂತ್ರಗಳಲ್ಲಿ ಒಂದು, ಅಗೆಯುವವನ ಪ್ರಾರ್ಥನೆ. ನಿನ್ನಿಂದ ಅಗೆದದ್ದು ಬೇಗ ಮತ್ತೆ ಬೆಳೆದು ತುಂಬಲಿ, ನಿನ್ನ ಮರ್ಮಕ್ಕೆ ನಮ್ಮ ಪೆಟ್ಟು ತಾಗದಿರಲಿ ಎಂಬುದು ಅದರ ಭಾವ. ಆ ಋಷಿ ಎರಡು ಷರತ್ತುಗಳನ್ನು ಎಷ್ಟು ಸ್ಪಷ್ಟವಾಗಿ ಕಂಡಿದ್ದಾನೆ! ತೆಗೆದುಕೊಂಡದ್ದು ಮತ್ತೆ ತುಂಬಬೇಕು, ಅದೂ ಬೇಗ. ಭೂಮಿಗೂ ತಾಗಬಾರದ ಜಾಗವೊಂದಿದೆ. ಇಲ್ಲಿ ಭೂಮಿ ಸರ್ವಂಸಹೆಯಲ್ಲ, ಮರ್ಮವುಳ್ಳವಳು. ತುಳುನಾಡಿನ ಕೆಡ್ಡಸದಲ್ಲಿ ಭೂಮಿ ಮುಟ್ಟಾಗಿದ್ದಾಳೆಂದು ಮೂರು ದಿನ ನೇಗಿಲು ಹಾರೆ ಮುಟ್ಟದಿರುವುದರ ಹಿಂದೆಯೂ, ಮಲೆನಾಡಿನ ಭೂಮಿ ಹುಣ್ಣಿಮೆಯಲ್ಲಿ ಗರ್ಭಿಣಿಗೆ ಉಣಬಡಿಸುವಂತೆ ಗದ್ದೆಗೆ ಎಡೆಯಿಡುವುದರ ಹಿಂದೆಯೂ ಇದೇ ಅರಿವಿದೆ. ಮುಟ್ಟು, ಬಸಿರು, ಬಯಕೆ ಇವೆಲ್ಲ ದಣಿಯುವ ದೇಹದ ಸ್ಥಿತಿಗಳು. ದಣಿಯದವಳಿಗೆ ಮೂರು ದಿನದ ವಿಶ್ರಾಂತಿ ಯಾಕೆ ಬೇಕಿತ್ತು?

ಹೀಗಿದ್ದೂ ಮಣ್ಣು ಕಳೆಯುವುದು ನಮಗೆ ಪಾಪವೆಂದು ಯಾಕೆ ತೋರುವುದಿಲ್ಲ? ಕಾರಣ ನಮ್ಮ ಕರ್ಮವಿಚಾರದ ಒಂದು ಕಟ್ಟಿನಲ್ಲಿದೆ ಎಂದು ನನಗನ್ನಿಸುತ್ತದೆ. ಮಾಡಿದ್ದರ ಫಲ ಮಾಡಿದವನಿಗೆ ತಪ್ಪಬಾರದು, ಮಾಡದ್ದರ ಫಲ ಮಾಡದವನಿಗೆ ಬರಬಾರದು. ಈ ಎರಡು ದೋಷಗಳನ್ನು ನಮ್ಮ ದಾರ್ಶನಿಕರು ಕೃತಹಾನಿ, ಅಕೃತಾಭ್ಯಾಗಮ ಎಂದು ಕರೆದು, ಯಾವ ಸಿದ್ಧಾಂತದಲ್ಲಿ ಇವು ನುಸುಳಿದರೂ ಅದನ್ನು ತಳ್ಳಿಹಾಕಿದರು. ಆದರೆ ಇಳಿಜಾರಿನಲ್ಲಿ ನಡೆಯುವುದು ಸದಾ ಇವೆರಡೇ. ತುಂಗಭದ್ರಾ ಅಣೆಕಟ್ಟಿನಲ್ಲಿ 1953ರಲ್ಲಿ ನೀರು ನಿಂತಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ. ಈಚಿನ ಸಮೀಕ್ಷೆಯ ಲೆಕ್ಕದಲ್ಲಿ ಉಳಿದಿರುವುದು ಸುಮಾರು 105. ಕಳೆದುಹೋದ ಜಾಗದಲ್ಲಿ ಕೂತಿರುವುದು ಹೂಳು, ಮೇಲಿನ ಜಿಲ್ಲೆಗಳ ಹೊಲ, ಗುಡ್ಡ, ಹಳ್ಳಗಳ ಮೈ. ಎಡದಂಡೆ ಕಾಲುವೆಯ ಕೊನೆಯಲ್ಲಿ ಮಾನ್ವಿ, ಸಿರವಾರದ ಕಡೆ ಭತ್ತ ಒಣಗುವುದನ್ನು ನೋಡುತ್ತ ನಿಲ್ಲುವ ರೈತ ಆ ಮಣ್ಣನ್ನು ಕದಲಿಸಿದವನಲ್ಲ. ಕದಲಿಸಿದವರಿಗೆ ಅವನ ಮುಖವೇ ಗೊತ್ತಿಲ್ಲ. ಹೂಳು ನುಂಗಿದ ಜಾಗಕ್ಕೆ ಬದಲಾಗಿ ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟುವ ಪ್ರಸ್ತಾವವಿದೆ; ಕಟ್ಟಿದರೆ ಅದಕ್ಕೂ ಯಾರದೋ ಹೊಲ ಮುಳುಗಬೇಕು. ನೀತಿಯ ಕಟ್ಟಿನಲ್ಲಿ ಇಂಥ ಕೊರತೆಯನ್ನು ಕಂಡವರು ನಾವು ಮಾತ್ರವಲ್ಲ. ಅಮೆರಿಕದ ಮಣ್ಣು ಸಂರಕ್ಷಣಾ ಸೇವೆಯ ವಾಲ್ಟರ್ ಲೌಡರ್‌ಮಿಲ್ಕ್ 1939ರಲ್ಲಿ ಜೆರುಸಲೇಮಿನ ರೇಡಿಯೊದಲ್ಲಿ ಮಾತನಾಡುತ್ತ, ಮೋಶೆಗೆ ಬಂದ ಹತ್ತು ಆಜ್ಞೆಗಳ ಜೊತೆಗೆ ಭೂಮಿಯನ್ನು ಸವೆಯದಂತೆ ಕಾಯಬೇಕೆಂಬ ಹನ್ನೊಂದನೆಯದನ್ನು ಸೇರಿಸಬೇಕೆಂದರು. ಕೊಲ್ಲಬೇಡ, ಕದಿಯಬೇಡ ಎಂಬುವು ಮುಖವಿದ್ದವರ ನಡುವಿನ ಮಾತುಗಳು. ಇನ್ನೂ ಹುಟ್ಟದವನ ಅನ್ನ ಕದ್ದರೆ ಯಾವ ಆಜ್ಞೆ ಮುರಿದಂತಾಯಿತು ಎಂಬುದಕ್ಕೆ ಆ ಹತ್ತರಲ್ಲಿ ನೇರ ಉತ್ತರ ಸಿಗುವುದಿಲ್ಲ.

ಇದಕ್ಕೆ ತೂಕವುಳ್ಳ ಒಂದು ಆಕ್ಷೇಪವಿದೆ. ಸವೆಯುವುದು ಪ್ರಕೃತಿಯ ಧರ್ಮ. ಹಿಮಾಲಯ ಸವೆಯದಿದ್ದರೆ ಗಂಗೆಯ ಬಯಲೇ ಇರುತ್ತಿರಲಿಲ್ಲ, ದಖ್ಖನ್ ಸವೆಯದಿದ್ದರೆ ಕೃಷ್ಣಾ, ಗೋದಾವರಿಗಳ ಮುಖಜಭೂಮಿ ಎಲ್ಲಿಂದ ಬರುತ್ತಿತ್ತು? ಎಲ್ಲವೂ ಅನಿತ್ಯ ಎಂದು ಕಲಿತವರು ಮಣ್ಣು ಮಾತ್ರ ಇದ್ದಲ್ಲೇ ಇರಲಿ ಎಂದು ಹಟ ಹಿಡಿಯುವುದು ಮೋಹವಲ್ಲವೇ? ಮೊದಲ ಮಾತು ನಿಜ. ನದಿ ಮಣ್ಣು ಹೊರುವುದು ತಪ್ಪಲ್ಲ, ಹೊರದ ನದಿ ಸತ್ತ ನದಿ. ಅಣೆಕಟ್ಟುಗಳು ಹೂಳನ್ನು ತಡೆದದ್ದರಿಂದಲೇ ಮುಖಜಭೂಮಿಯ ಅಂಚುಗಳನ್ನು ಇಂದು ಕಡಲು ತಿನ್ನುತ್ತಿದೆ. ಆದರೆ ಎರಡನೆಯ ಮಾತು ವೇಗವನ್ನು ಮರೆಯುತ್ತದೆ. ಕಾಡಿನ ನೆಲವೂ ಸವೆಯುತ್ತದೆ, ಹೊಸ ಮಣ್ಣು ಹುಟ್ಟುವಷ್ಟೇ ನಿಧಾನವಾಗಿ. ಉತ್ತು ಬರಿದಾಗಿಟ್ಟ ಇಳಿಜಾರು ಸವೆಯುವುದು ಅದರ ಹತ್ತಾರು, ಕೆಲವೆಡೆ ನೂರಾರು ಪಟ್ಟು ಜೋರಾಗಿ. ಸಾವು ಎಲ್ಲರಿಗೂ ತಪ್ಪದು ಎಂಬ ಸತ್ಯ ಕೊಲೆಗೆ ಸಮಾಧಾನವಾಗುವುದಿಲ್ಲ. ಅನಿತ್ಯತೆಯನ್ನು ಬೋಧಿಸಿದ ಬುದ್ಧನೇ ಜೀವ ತೆಗೆಯಬೇಡವೆಂದೂ ಹೇಳಿದ. ಭೂಮಿಸೂಕ್ತದ ‘ಬೇಗ’ ಎಂಬ ಮಾತಿನ ಬೆಲೆ ಇಲ್ಲಿ ತಿಳಿಯುತ್ತದೆ. ಬದಲಾವಣೆಯನ್ನು ಅದು ನಿರಾಕರಿಸುವುದಿಲ್ಲ, ತೆಗೆಯುವುದಕ್ಕೂ ತುಂಬುವುದಕ್ಕೂ ಜೋಡಿ ಕೇಳುತ್ತದೆ.

ಇನ್ನೊಂದು ಆಕ್ಷೇಪ ನನಗೆ ಇದಕ್ಕಿಂತ ಕಠಿಣವೆನಿಸುತ್ತದೆ. ಮಣ್ಣಿನ ಸವಕಳಿಯನ್ನು ಪಾಪವೆಂದ ಕೂಡಲೇ ಪಾಪಿ ಯಾರು ಎಂಬ ಪ್ರಶ್ನೆ ಏಳುತ್ತದೆ, ಬೆರಳು ಹೋಗಿ ನಿಲ್ಲುವುದು ಎರಡೆಕರೆ ಒಣಬೇಸಾಯದವನ ಮೇಲೆ. ವಿಜಯಪುರದ ಕಡೆ ಎರೆಭೂಮಿಯನ್ನು ಹಿಂಗಾರಿ ಜೋಳಕ್ಕೆಂದು ಮುಂಗಾರಿನಲ್ಲಿ ಬಿತ್ತದೆ ಬಿಡುತ್ತಾರೆ. ಮಳೆ ಹೊಡೆಯುವಾಗ ನೆಲ ಬೆತ್ತಲೆ. ಅದು ಸೋಮಾರಿತನವಲ್ಲ, ಮಳೆಯನ್ನು ನಂಬಲಾಗದ ಸೀಮೆಯ ಲೆಕ್ಕಾಚಾರ. ಅಣ್ಣತಮ್ಮಂದಿರು ಹಿಸೆಯಾಗುವಾಗ ಒಬ್ಬನಿಗೆ ಮೇಲಿನ ತೆಳುಮಣ್ಣು, ಒಬ್ಬನಿಗೆ ಕೆಳಗಿನ ಗಟ್ಟಿಮಣ್ಣು ಆಗದಿರಲೆಂದು ಎಷ್ಟೋ ಕಡೆ ಹೊಲವನ್ನು ಇಳಿಜಾರಿನುದ್ದಕ್ಕೆ ಸೀಳುತ್ತಾರೆ. ಆ ಪಟ್ಟಿಯಲ್ಲಿ ಅಡ್ಡ ಉಳಲು ಎತ್ತು ತಿರುಗದು, ಉದ್ದಕ್ಕೆ ಉತ್ತರೆ ಪ್ರತಿ ಸಾಲೂ ಕಾಲುವೆ. ತಮ್ಮನಿಗೆ ನ್ಯಾಯ ಮಾಡಲು ಹೋಗಿ ಮಣ್ಣಿಗೆ ಅನ್ಯಾಯವಾಯಿತು; ಇಲ್ಲಿ ಯಾರನ್ನು ಬೈಯುವುದು? ಇನ್ನು ಕುದುರೆಮುಖದ ಗಣಿ. ವರ್ಷಕ್ಕೆ 6,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಭದ್ರೆಯ ತಲೆಯ ಮೇಲೆ ದಶಕಗಳ ಕಾಲ ಗುಡ್ಡದ ಚರ್ಮ ಸುಲಿದರು. 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದು 2005ರ ಕೊನೆಗೆ ಅದು ನಿಂತಿತು. ಒಣಬೇಸಾಯದವನ ಸಾಲನ್ನೂ ಈ ಗಣಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ನೀತಿ ನೀತಿಯಲ್ಲ. ಹಾಗಾಗಿ ಆಕ್ಷೇಪವನ್ನು ನಾನು ಒಪ್ಪುತ್ತೇನೆ, ಆದರೆ ಅದರಿಂದ ಹೊರಡುವ ತೀರ್ಮಾನ ಬೇರೆ. ಒಬ್ಬೊಬ್ಬರ ಪಾಪವಾಗಿ ಎಣಿಸಲಾಗದ್ದು ಯಾರ ಹೊಣೆಯೂ ಅಲ್ಲ ಎಂದಾಗುವುದಿಲ್ಲ. ಹೊಣೆಯ ಘಟಕ ಬದಲಾಗುತ್ತದೆ, ಅಷ್ಟೇ.

ಈ ಬದಲಾವಣೆಯನ್ನು ನಮ್ಮ ಶಾಸನಗಳು ಮೊದಲೇ ಮಾಡಿದ್ದವು. ಕೆರೆಗೆ ದತ್ತಿ ಬಿಟ್ಟ ಎಷ್ಟೋ ಶಾಸನಗಳ ಕೊನೆಗೆ ಶಾಪವಿರುತ್ತದೆ, ಧರ್ಮವನ್ನು ಅಳಿದವನು ವಾರಣಾಸಿಯಲ್ಲಿ ಗೋವುಗಳನ್ನು ಕೊಂದ ಪಾಪಕ್ಕೆ ಹೋಗುತ್ತಾನೆಂದು. ಕಣ್ಣಿಗೆ ಕಾಣುವ ಕೈಗೆ ಶಾಪ ಸಲ್ಲುತ್ತದೆ. ಕೆರೆಗೆ ಹೂಳು ತುಂಬಿದ್ದಕ್ಕೆ ಯಾರನ್ನು ಶಪಿಸುವುದು? ಅದಕ್ಕೆ ಅವರು ಹಿಡಿದ ದಾರಿ ಬೇರೆ: ಕಟ್ಟುಕೊಡಗೆ, ಬಿತ್ತುವಟ್ಟ ಎಂದು ಜಮೀನು ಬಿಟ್ಟು, ಅದರ ಹುಟ್ಟುವಳಿಯಲ್ಲಿ ಕೆರೆಯ ಕೆಲಸ ನಡೆಯುವಂತೆ ಮಾಡಿದರು. ಬೇಸಿಗೆಯಲ್ಲಿ ಕೆರೆಯ ಗೋಡುಮಣ್ಣನ್ನು ಬಂಡಿಗೆ ಹೇರಿ ಮತ್ತೆ ಹೊಲಗಳಿಗೆ ಒಯ್ದು ಚೆಲ್ಲುವುದು ಊರಿನ ರೂಢಿಯಾಗಿತ್ತು. ಇಳಿದುಬಂದದ್ದನ್ನು ಏರಿಸಿ ಕೊಡುವುದಕ್ಕಿಂತ ದೊಡ್ಡ ಪ್ರಾಯಶ್ಚಿತ್ತ ನನಗೆ ಹೊಳೆಯದು. ಅಲ್ಲಿ ಅಪರಾಧಿಯನ್ನು ಹುಡುಕುವ ಗೊಡವೆಯಿಲ್ಲ, ಹೊಣೆ ಮಾತ್ರ ಇದೆ. ಶರಣರು ಕಾಯಕ, ದಾಸೋಹ ಎಂದದ್ದನ್ನು ಇಳಿಜಾರಿನ ಮೇಲೆ ಇಟ್ಟು ನೋಡಿದರೆ ಅರ್ಥ ಇನ್ನೂ ನಿಚ್ಚಳವಾಗುತ್ತದೆ: ಮೇಲಿನ ಹೊಲದವನು ಕಟ್ಟುವ ಒಡ್ಡಿನ ಫಲದಲ್ಲಿ ಒಂದು ಪಾಲು ಅವನದು, ಉಳಿದದ್ದು ಕೆಳಗಿನವರೆಲ್ಲರದು. ಹಾಗಾದರೆ ಒಡ್ಡಿನ ಖರ್ಚೂ ಕೆಳಗಿನವರೆಲ್ಲರದಾಗಬೇಕು. ಕಾಲುವೆ ನೀರು ಉಣ್ಣುವ ಸೀಮೆ, ಅಣೆಕಟ್ಟಿನ ವಿದ್ಯುತ್ತು ಉರಿಸುವ ಪೇಟೆ, ಇಬ್ಬರೂ ಮೇಲಿನ ಗುಡ್ಡದ ಸಾಲಗಾರರು.

ಧರ್ಮದ ಮಾತು ಎತ್ತಿ ಕೊನೆಗೆ ಒಡ್ಡು, ಬದು, ಹೂಳಿನ ಲೆಕ್ಕಕ್ಕೆ ಇಳಿದಿರಲ್ಲ, ಅದು ಇಂಜಿನಿಯರರ ಕೆಲಸ, ಭಕ್ತನದಲ್ಲ ಎನ್ನುವವರೂ ಇರಬಹುದು. ಇಂಜಿನಿಯರರ ಲೆಕ್ಕ ಬೇಕೇ ಬೇಕು. ಮಸಾರಿಗೆ ಒಪ್ಪುವ ಸಮಮಟ್ಟದ ಒಡ್ಡನ್ನು ಎರೆಭೂಮಿಗೆ ಹಾಕಿ, ನೀರು ಇಂಗದೆ ನಿಂತು, ಒಡ್ಡೇ ಒಡೆದು ಮೊದಲಿಗಿಂತ ದೊಡ್ಡ ಕೊರಕಲಾದದ್ದುಂಟು. ಅಲ್ಲಿ ನೀರನ್ನು ಮೆಲ್ಲಗೆ ಪಕ್ಕಕ್ಕೆ ಸಾಗಿಸುವ ಇಳುಕಲಿನ ಒಡ್ಡು ಬೇಕು. ಭಕ್ತಿ ಈ ತಿಳಿವಳಿಕೆಯನ್ನು ಕೊಡಲಾರದು. ಆದರೆ ನೂರು ವರ್ಷದ ಕೆಲಸವನ್ನು ಲಾಭದ ಆಸೆಯೊಂದೇ ನಡೆಸಲಾರದು ಎಂಬುದೂ ಅಷ್ಟೇ ನಿಜ. ಯೋಜನೆ ಮುಗಿದು ಹಣ ನಿಂತ ಮೇಲೆ ಒಡ್ಡು ಮೂರು ಮಳೆಗಾಲದಲ್ಲಿ ಬಿರಿಯುತ್ತದೆ; ಅದನ್ನು ವರ್ಷ ವರ್ಷ ಮುಟ್ಟಿ ಸರಿಪಡಿಸುವ ಕೈಗೆ ಬೇಕಾದದ್ದು ಹಬ್ಬದಂಥ ಕಟ್ಟಳೆ. ಮಣ್ಣೆತ್ತಿನ ಅಮಾವಾಸ್ಯೆ ಬರುವುದು ಜ್ಯೇಷ್ಠದ ಕೊನೆಗೆ, ಮುಂಗಾರು ಬರಿನೆಲಕ್ಕೆ ಬಡಿಯುವ ಹೊತ್ತಿಗೆ. ಎರೆಮಣ್ಣಿನಲ್ಲಿ ಎತ್ತು ತಿದ್ದಿ ಪೂಜಿಸುವ ಕೈಗಳು ಅದೇ ದಿನ ಬದುವಿಗೂ ಒಂದು ಬುಟ್ಟಿ ಮಣ್ಣು ಹಾಕಿದರೆ ಪೂಜೆ ಪೂರ್ತಿಯಾದೀತು. ಗುಂಡ್ಲುಪೇಟೆಯ ಕಡೆ ರೈತರು ತಲೆಮಾರುಗಳಿಂದ ಹೊಲದ ಬದುವಿನ ಮೇಲೆ ಲಾವಂಚದ ಸಾಲು ಬೆಳೆಸಿಕೊಂಡು ಬಂದಿದ್ದಾರೆ. ಅದರ ಬೇರು ಪಕ್ಕಕ್ಕೆ ಹಬ್ಬಿ ಬೆಳೆಯ ಸಾರ ಕಸಿಯುವುದಿಲ್ಲ, ನೇರ ಕೆಳಗಿಳಿಯುತ್ತದೆ, ಒಂಬತ್ತು ಹತ್ತು ಅಡಿಯವರೆಗೂ. ಒತ್ತಾದ ಬುಡಗಳ ನಡುವೆ ನೀರು ಸೋಸಿ ಮುಂದೆ ಹೋಗುತ್ತದೆ, ಮಣ್ಣು ಹಿಂದೆ ಕೂರುತ್ತದೆ. ವರ್ಷಕ್ಕೆ ಒಂದಿಷ್ಟರಂತೆ ನೆಲ ಆ ಸಾಲಿನ ಹಿಂದೆ ಏರುತ್ತ ಬಂದು ಮೆಟ್ಟಿಲಾಗುತ್ತದೆ, ಕೆಳಗಿನ ಹೊಲಕ್ಕೆ ತಿಳಿನೀರು ಇಳಿಯುತ್ತದೆ.