ದೊಡ್ಡಪ್ಪನೂ ಅವರಪ್ಪನೂ

ಈ ಗಾದೆಯ ಮೊದಲರ್ಧ ಮಾತ್ರ ಎಲ್ಲರ ಬಾಯಲ್ಲಿ ಉಳಿದಿದೆ. ದುಡ್ಡೇ ದೊಡ್ಡಪ್ಪ. ಕಚೇರಿಯಲ್ಲಿ ಕೈಬಿಸಿ ಮಾಡಿ ಬಂದವನು ಅದನ್ನು ಹೇಳುತ್ತಾನೆ, ಚುನಾವಣೆಯ ಫಲಿತಾಂಶ ನೋಡಿ ಟಿವಿ ಆರಿಸಿದವನೂ ಹೇಳುತ್ತಾನೆ. ಹೇಳಿ ನಿಟ್ಟುಸಿರು ಬಿಟ್ಟರೆ ಮಾತು ಮುಗಿಯಿತು. ನನ್ನನ್ನು ಕಾಡುವುದು ಬೇರೆಯೇ ಪ್ರಶ್ನೆ. ದುಡ್ಡು ಅಪ್ಪ ಯಾಕಾಗಲಿಲ್ಲ? ದೊರೆ, ದೇವರು ಯಾಕಾಗಲಿಲ್ಲ? ಪ್ರಾಸಕ್ಕಾಗಿ ಎನ್ನಬಹುದು. ಆದರೆ ಬರಿಯ ಪ್ರಾಸದಿಂದ ಗಾದೆಗೆ ಇಷ್ಟು ಆಯುಸ್ಸು ಬರುವುದಿಲ್ಲ.

ಕೂಡುಕುಟುಂಬದಲ್ಲಿ ಬೆಳೆದವರಿಗೆ ದೊಡ್ಡಪ್ಪ ಎಂದರೇನೆಂದು ಗೊತ್ತು. ಹೆತ್ತವನಲ್ಲ, ಆದರೆ ಪೆಟ್ಟಿಗೆಯ ಬೀಗದ ಕೈ ಇರುವುದು ಅವನ ಉಡಿದಾರದಲ್ಲಿ. ಶಾಲೆಯ ಫೀಸು ಕೇಳಿದರೆ ಅಪ್ಪ ಇಲ್ಲ ಎನ್ನುವುದಿಲ್ಲ, ಹೂಂ ಎಂದೂ ಅನ್ನುವುದಿಲ್ಲ. “ಅಣ್ಣನನ್ನು ಒಂದು ಮಾತು ಕೇಳುತ್ತೇನೆ” ಎನ್ನುತ್ತಾನೆ. ಹೋರಿ ಮಾರುವುದು, ಗದ್ದೆ ಅಡವಿಡುವುದು, ಯಾರ ಪಾಲಿಗೆ ಯಾವ ಕೋಣೆ ಎಂಬುದು ಎಲ್ಲವೂ ತೀರ್ಮಾನವಾಗುವುದು ಜಗಲಿಯಲ್ಲಿ, ಮಕ್ಕಳು ಮಲಗಿದ ಮೇಲೆ. ಗಾದೆ ಕಟ್ಟಿದವರು ಕಂಡದ್ದು ಇದನ್ನೇ. ದುಡ್ಡು ಅಪ್ಪನನ್ನು ಮನೆಯಿಂದ ಹೊರಗೆ ಹಾಕುವುದಿಲ್ಲ. ಅವನಿಗೆ ಅಣ್ಣನಾಗಿ ಒಳಗೆ ಬಂದು ಕೂರುತ್ತದೆ. ಸರಕಾರ ಸರಕಾರವಾಗಿಯೇ ಇರುತ್ತದೆ, ವೋಟು ನಡೆಯುತ್ತದೆ, ಮಂತ್ರಿಗಳು ಬದಲಾಗುತ್ತಾರೆ. ಜಗಲಿಯ ಮಾತು ಮಾತ್ರ ನಮ್ಮ ಕಿವಿಗೆ ಬೀಳುವುದಿಲ್ಲ.

ಮುಂಬಯಿಯ ಸಯನ್‌ನಲ್ಲಿ ಕೂತು ಇದನ್ನು ಬರೆಯುವುದಕ್ಕೆ ಕಾರಣವಿದೆ. ಈ ಹೆಸರು ಮರಾಠಿಯ ‘ಶೀವ್’ನಿಂದ ಬಂದದ್ದು. ಶೀವ್ ಎಂದರೆ ಗಡಿ. ಮುಂಬಯಿ ದ್ವೀಪ ಇಲ್ಲಿಗೆ ಮುಗಿದು, ಆಚೆ ಸಾಲ್ಸೆಟ್ ಶುರುವಾಗುತ್ತಿತ್ತು. 1668ರಲ್ಲಿ ಇಂಗ್ಲೆಂಡಿನ ದೊರೆ ಎರಡನೇ ಚಾರ್ಲ್ಸ್ ಈ ದ್ವೀಪವನ್ನು ವರ್ಷಕ್ಕೆ ಹತ್ತು ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟ. ಸಯನ್ ಗುಡ್ಡದ ಮೇಲಿನ ಕೋಟೆ ಆ ಕಂಪನಿಯ ಗವರ್ನರ್ ಜೆರಾಲ್ಡ್ ಆಂಜಿಯರನ ಕಾಲದ್ದು. ಊರು ಕೈಬದಲಾದದ್ದು ಊರಿನವರಿಗೆ ಆಮೇಲೆ ತಿಳಿದಿರಬೇಕು. ಇವತ್ತಿಗೂ ಇದು ಗಡಿಯೇ. ನಮ್ಮ ಮನೆಗೆ ಬರುವ ಲೈಟ್ ಬಿಲ್ ನಗರಪಾಲಿಕೆಯ ಬೆಸ್ಟ್ ಸಂಸ್ಥೆಯದು. ಸ್ವಲ್ಪ ಆಚೆ ಚುನಾಭಟ್ಟಿ, ಕುರ್ಲಾ ದಾಟಿದರೆ ಉಪನಗರದ ಬಹುತೇಕ ಮನೆಗಳಿಗೆ 2018ರಿಂದ ಬರುವುದು ಅದಾನಿ ಎಲೆಕ್ಟ್ರಿಸಿಟಿಯ ಬಿಲ್.

ರೈಲು ಹಳಿಯ ಪಶ್ಚಿಮಕ್ಕೆ ಧಾರಾವಿಯ ಕೊಳೆಗೇರಿ. ಎರಡನ್ನೂ ಜೋಡಿಸುತ್ತಿದ್ದ 1912ರ ಸಯನ್ ಸೇತುವೆ 2024ರ ಆಗಸ್ಟ್ 1ರಂದು ಹೊಸದಾಗಿ ಕಟ್ಟಲೆಂದು ಮುಚ್ಚಿತು. ಸುಮಾರು ಆರುನೂರು ಎಕರೆಯ ಆ ಧಾರಾವಿಯನ್ನು ಮತ್ತೆ ಕಟ್ಟುವ ಕೆಲಸ ಅಹಮದಾಬಾದಿನ ಅದಾನಿ ಸಮೂಹದ ಪಾಲಾಗಿದೆ. 2022ರ ನವೆಂಬರಿನಲ್ಲಿ ಬಿಡ್ ತೆರೆದಾಗ ಅದಾನಿಯದು 5,069 ಕೋಟಿ, ಡಿಎಲ್‌ಎಫ್‌ನದು 2,025 ಕೋಟಿ. ಯೋಜನೆಯ ಕಂಪನಿಯಲ್ಲಿ ಅದಾನಿಯ ಪಾಲು ಶೇಕಡಾ 80, ಮಹಾರಾಷ್ಟ್ರ ಸರಕಾರದ್ದು 20. ಅಣ್ಣತಮ್ಮಂದಿರ ಪಾಲೆಂದರೆ ಇದೇ.

ಇದಕ್ಕೂ ಮೊದಲಿನ, 2018ರ ಟೆಂಡರಿನಲ್ಲಿ 7,200 ಕೋಟಿ ಕೂಗಿ ಮೊದಲು ನಿಂತದ್ದು ಸೆಕ್‌ಲಿಂಕ್ ಎಂಬ ಕಂಪನಿ. ರೈಲ್ವೆಯ ಜಮೀನು ಹೊಸದಾಗಿ ಸೇರಿತು, ಲೆಕ್ಕ ಬದಲಾಯಿತು ಎಂದು 2020ರಲ್ಲಿ ಆ ಟೆಂಡರನ್ನು ರದ್ದು ಮಾಡಿದ್ದು ಉದ್ಧವ್ ಠಾಕ್ರೆಯವರ ಸರಕಾರ. ಸೆಕ್‌ಲಿಂಕ್ ಕೋರ್ಟಿಗೆ ಹೋಯಿತು. ಬಾಂಬೆ ಹೈಕೋರ್ಟು 2024ರ ಡಿಸೆಂಬರಿನಲ್ಲಿ ಅರ್ಜಿ ವಜಾ ಮಾಡಿತು, ಸುಪ್ರೀಂ ಕೋರ್ಟು 2025ರ ಮಾರ್ಚಿನಲ್ಲಿ ಕೆಲಸಕ್ಕೆ ತಡೆ ಕೊಡಲಿಲ್ಲ.

ಅದೇ ಉದ್ಧವ್ 2023ರ ಡಿಸೆಂಬರ್ 16ರಂದು ಧಾರಾವಿಯಿಂದ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ಅದಾನಿ ಕಚೇರಿಯ ಕಡೆಗೆ ಮೋರ್ಚಾ ತೆಗೆದರು. ಟೆಂಡರಿನ ಷರತ್ತುಗಳು ನಿಮ್ಮ ಆಘಾಡಿ ಸರಕಾರದ ಕಾಲದಲ್ಲೇ ಅಂತಿಮವಾದವು ಎಂದು ಅದಾನಿ ಸಮೂಹ ಉತ್ತರ ಕೊಟ್ಟಿತು. 2024ರ ನವೆಂಬರ್ 18ರಂದು ರಾಹುಲ್ ಗಾಂಧಿ ಪತ್ರಿಕಾಗೋಷ್ಠಿಗೆ ತಿಜೋರಿಯನ್ನೇ ತರಿಸಿ, ಒಳಗಿನಿಂದ ಅದಾನಿ-ಮೋದಿ ಚಿತ್ರವನ್ನೂ ಧಾರಾವಿಯ ನಕ್ಷೆಯನ್ನೂ ತೆಗೆದು ತೋರಿಸಿದರು. ಐದು ದಿನದ ಮೇಲೆ ಬಂದ ವಿಧಾನಸಭೆಯ ಫಲಿತಾಂಶದಲ್ಲಿ ಬಿಜೆಪಿಯ ಕೂಟ ಮಹಾಯುತಿ 288ರಲ್ಲಿ 230 ಸ್ಥಾನ ಗೆದ್ದಿತು. ಧಾರಾವಿ ಮಾತ್ರ ಕಾಂಗ್ರೆಸ್ಸಿನ ಜ್ಯೋತಿ ಗಾಯಕ್ವಾಡರನ್ನು ಆರಿಸಿತು. ಹಳಿಯ ಈಚೆ, ನಮ್ಮ ಸಯನ್ ಕೋಳಿವಾಡಾ ಬಿಜೆಪಿಯ ತಮಿಳ್ ಸೆಲ್ವನ್ ಅವರನ್ನೇ ಮತ್ತೆ ಕಳಿಸಿತು.

ವಿರೋಧ ಪಕ್ಷ ಕೂಗಿದ್ದು ತಪ್ಪೆಂದು ನಾನು ಹೇಳಲಾರೆ. ಅವರು ಕೂಗದಿದ್ದರೆ ಧಾರಾವಿಯ ಪ್ರಶ್ನೆ ಧಾರಾವಿಯಲ್ಲೇ ಕೊಳೆಯುತ್ತಿತ್ತು. ಆದರೆ ದೊಡ್ಡಪ್ಪನ ಜೊತೆ ಅವರ ನಂಟು ಕಡಿದು ಹೋಗಿರಲಿಲ್ಲ. ಅದಾನಿ ಸಮೂಹದ ತನಿಖೆಗೆ ಜಂಟಿ ಸಂಸದೀಯ ಸಮಿತಿ ಬೇಕೆಂದು ಕಾಂಗ್ರೆಸ್ ಹಟ ಹಿಡಿದಿದ್ದಾಗ, 2023ರ ಏಪ್ರಿಲಿನಲ್ಲಿ ಅದರ ಮಿತ್ರಪಕ್ಷದ ಶರದ್ ಪವಾರರು ಅದಕ್ಕಿಂತ ಸುಪ್ರೀಂ ಕೋರ್ಟಿನ ಸಮಿತಿಯೇ ಮೇಲು ಎಂದರು. ತೆಲಂಗಾಣದ ಕಾಂಗ್ರೆಸ್ ಸರಕಾರ ಕೌಶಲ ವಿಶ್ವವಿದ್ಯಾಲಯಕ್ಕೆಂದು 2024ರ ಅಕ್ಟೋಬರಿನಲ್ಲಿ ಅದಾನಿಯ ನೂರು ಕೋಟಿ ಒಪ್ಪಿಕೊಂಡು, ಮುಂದಿನ ತಿಂಗಳು ಬೇಡವೆಂದಿತು.

ಇನ್ನೊಂದು ಮಾತು ನನಗೆ ಹೆಚ್ಚು ನೋವಿನದು. ಈ ಹೋರಾಟದಲ್ಲಿ ‘ಹೊರಗಿನವನು’, ‘ಗುಜರಾತಿನವನು’ ಎಂಬ ಪದಗಳು ಬಹಳ ಓಡಾಡಿದವು. ನಮ್ಮಂಥವರು ಆ ಪದವನ್ನು ಮೈಯಿಂದ ಬಲ್ಲೆವು. 1966ರಲ್ಲಿ ಶಿವಸೇನೆ ಹುಟ್ಟಿದಾಗ ಹೊರಗಿನವರೆನಿಸಿಕೊಂಡದ್ದು ಉಡುಪಿಯ ಹೋಟೆಲಿನವರು, ಮದರಾಸಿನ ಗುಮಾಸ್ತರು. ಲುಂಗಿ ಕಂಡರೆ ಓಡಿಸಿ ಎಂಬ ಘೋಷಣೆ ಮಾಟುಂಗ, ಸಯನ್‌ನ ಬೀದಿಗಳಲ್ಲೇ ಕೇಳಿತು. ಧಾರಾವಿಯ ಕುಂಬಾರವಾಡದ ಕುಂಬಾರರು ಬಂದದ್ದು ಸೌರಾಷ್ಟ್ರದಿಂದ, ಅದೇ ಗುಜರಾತಿನಿಂದ. ಚರ್ಮ ಹದ ಮಾಡುವವರು ತಮಿಳುನಾಡಿನವರು. ಕಟ್ಟಡಕ್ಕೆ ಕಲ್ಲುಮಣ್ಣು ಹೊರಲು ಬಂದವರಲ್ಲಿ ನಮ್ಮ ಕಲಬುರಗಿ, ಯಾದಗಿರಿಯವರು ಎಷ್ಟೋ ಮಂದಿ. ಹೊರಗಿನವರನ್ನೆಲ್ಲ ತೆಗೆದರೆ ಧಾರಾವಿಯಲ್ಲಿ ಕೊಲ್ಲಿಯ ಕೋಳಿ ಮೀನುಗಾರರ ಹೊರತು ಉಳಿಯುವವರು ಯಾರು?

ಹೊರಗಿನವನೋ ಎಂಬ ಪರೀಕ್ಷೆ ಈಗ ನಡೆಯುತ್ತಿರುವುದೂ ಬಡವರ ಬಾಗಿಲಲ್ಲೇ. ಯೋಜನೆಯ ಪ್ರಕಾರ 2000ದ ಜನವರಿ 1ಕ್ಕೆ ಮೊದಲು ನೆಲಮಹಡಿಯಲ್ಲಿ ಇದ್ದವರಿಗೆ ಧಾರಾವಿಯಲ್ಲೇ 350 ಚದರಡಿಯ ಮನೆ, ಉಚಿತ. ಆಮೇಲೆ, 2011ರ ಜನವರಿ 1ರೊಳಗೆ ಬಂದವರಿಗೆ ಎರಡೂವರೆ ಲಕ್ಷಕ್ಕೆ ಧಾರಾವಿಯ ಹೊರಗೆ. ಮೇಲಿನ ಮಹಡಿಯಲ್ಲಿ ಇರುವವರಿಗೆ ಹೊರಗೇ, ಬಾಡಿಗೆ ಕಟ್ಟುತ್ತಾ ಕೊಳ್ಳುವ ಮನೆ. ಐದು ಸಾವಿರ ಕೋಟಿ ತಂದವನನ್ನು ನೀನು ಈ ಊರಿಗೆ ಬಂದದ್ದು ಯಾವಾಗ ಎಂದು ಯಾರೂ ಕೇಳಲಿಲ್ಲ. ಕಬ್ಬಿಣದ ಏಣಿ ಹತ್ತಿ ಮಲಗುವವಳನ್ನು ತಾರೀಖು ಕೇಳುತ್ತಾರೆ, ಪುರಾವೆ ಕೇಳುತ್ತಾರೆ. ವಿರೋಧಿಗಳು ‘ಹೊರಗಿನವನು’ ಎಂಬ ಪದವನ್ನು ಹಿಡಿದ ಕೂಡಲೇ ಈ ಪ್ರಶ್ನೆ ಅವರ ಕೈಯಿಂದ ಜಾರಿತು ಎಂದು ನನ್ನ ಭಾವನೆ.

ಈಗ ಗಾದೆಯ ಉಳಿದರ್ಧಕ್ಕೆ ಬರುತ್ತೇನೆ: ವಿದ್ಯೆ ಅವರಪ್ಪ. ದೊಡ್ಡಪ್ಪನ ಅಪ್ಪ ಎಂದರೆ ಮನೆಯ ಅಜ್ಜ. ಆಸ್ತಿ ನಿಂತಿರುವುದು ಅಜ್ಜನ ಹೆಸರಿನಲ್ಲಿ. ದೊಡ್ಡಪ್ಪನದು ಯಜಮಾನಿಕೆ ಮಾತ್ರ, ಅಜ್ಜನ ಕಾಗದವನ್ನು ಅವನೂ ಮೀರುವಂತಿಲ್ಲ. ಆದರೆ ಮೊಮ್ಮಕ್ಕಳಲ್ಲಿ ಒಬ್ಬರಿಗಾದರೂ ಆ ಕಾಗದ ಓದಲು ಬರಬೇಕು. ಹಗಲಲ್ಲಿ ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಫೋರ್ಟಿನ ಕನ್ನಡ ರಾತ್ರಿಶಾಲೆಗಳಿಗೆ ಓಡುತ್ತಿದ್ದ ಹುಡುಗರಿಗೆ ಈ ಅರ್ಥ ಗೊತ್ತಿತ್ತು. ಸಂಬಳದ ಚೀಟಿ ಓದಿ ಮಾಲೀಕನನ್ನು ಕೇಳುವಷ್ಟು ಅಕ್ಷರ ಅವರಿಗೆ ಮೊದಲು ಬೇಕಾಗಿತ್ತು.

ಮೋರ್ಚಾದ ಜೊತೆಗೆ ಒಂದೊಂದು ಗಲ್ಲಿಯಲ್ಲೂ ಒಂದು ಮೇಜು, ಎರಡು ಕುರ್ಚಿ ಹಾಕಿ ಸರಕಾರಿ ಆದೇಶ, ಸರ್ವೆಯ ಪಟ್ಟಿ, ಆಕ್ಷೇಪಣೆಯ ಗಡುವು ಇವನ್ನು ಜನರ ಭಾಷೆಯಲ್ಲಿ ಓದಿ ಹೇಳುವವರನ್ನು ಕೂರಿಸಿದ್ದರೆ ಎಂದು ನನಗೆ ಅನಿಸುತ್ತಲೇ ಇರುತ್ತದೆ. ಕೆಲವು ಯುವಕರು ಪಕ್ಷದ ಹಂಗಿಲ್ಲದೆ ಅದನ್ನು ಮಾಡುತ್ತಿದ್ದಾರೆ. ಅವರಿಗೆ ಬಾವುಟವಿಲ್ಲ, ಕ್ಯಾಮೆರಾ ಅತ್ತ ತಿರುಗುವುದಿಲ್ಲ.

ಹೋದ ಮಳೆಗಾಲದಲ್ಲಿ ಯಾದಗಿರಿ ಕಡೆಯ ಹೆಂಗಸೊಬ್ಬರು ನಮ್ಮ ಕಟ್ಟಡದ ಮೆಟ್ಟಿಲಲ್ಲಿ ಕಾದಿದ್ದರು, ಇಲ್ಲಿ ಎರಡು ಮನೆಯ ಕೆಲಸ ಅವರದು. ಸೆರಗಿನೊಳಗಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದರು. ಗಂಡನ ಹೆಸರಿನ ರೇಷನ್ ಕಾರ್ಡು, ನೀರು ಕುಡಿದು ಅಂಚು ಉಬ್ಬಿದ ಲೈಟ್ ಬಿಲ್, ಮತದಾರರ ಪಟ್ಟಿಯ ಒಂದು ಹಾಳೆ, ಮರಾಠಿಯಲ್ಲಿ ಅಚ್ಚಾದ ಇನ್ನೊಂದು ಹಾಳೆ.

“ಅಣ್ಣಾರ, ಇದ್ರಾಗ ನಮ್ಮ ಖೋಲಿ ಕೆಳಗಿಂದು ಅಂತ ಬರದಾರೋ, ಮ್ಯಾಲಿಂದು ಅಂತ ಬರದಾರೋ, ನೋಡ್ರಿ.”

ನಾನು ಕನ್ನಡಕ ತರಲು ಒಳಗೆ ಹೋದೆ. ಮೆಟ್ಟಿಲಲ್ಲೇ ಕೂತು ಒಂದೊಂದು ಸಾಲೂ ಕನ್ನಡದಲ್ಲಿ ಹೇಳುತ್ತಾ ಹೋದೆ. ಮೂರನೆಯ ಸಾಲಿಗೆ ಅವರು ನನ್ನನ್ನು ತಡೆದು, ಅದನ್ನೇ ಇನ್ನೊಮ್ಮೆ ಓದಿಸಿಕೊಂಡರು.