ಕಣ್ಣಿನ ಆಹಾರಕ್ಕೂ ಒಂದು ಚಾತುರ್ಮಾಸ್ಯ



ಶ್ರೀಹರಿವಾಯುಗುರುಗಳ ಪರಮಾನುಗ್ರಹದಿಂದ ಆಷಾಢ ಶುದ್ಧ ಏಕಾದಶಿಯು ಮತ್ತೊಮ್ಮೆ ಸಮೀಪಿಸುತ್ತಿದೆ. ಅಂದು ತಪ್ತಮುದ್ರಾಧಾರಣೆಗಾಗಿ ಭಕ್ತಾದಿಗಳು ಬೆಳಗಿನಿಂದಲೇ ಸಾಲಿನಲ್ಲಿ ನಿಲ್ಲುವರು. ಹೋದ ವರ್ಷ ಆ ಸಾಲನ್ನು ಕ್ರಮಪಡಿಸುವ ಸೇವೆಯು ನಮ್ಮ ಪಾಲಿಗೆ ಬಂದಿತ್ತು. ಶಂಖಚಕ್ರಗಳನ್ನು ಧರಿಸಿ ಹೊರಬಂದವರಲ್ಲಿ ಅನೇಕರು, ತೋಳಿನ ಉರಿಯು ಆರುವ ಮೊದಲೇ, ಅದೇ ಕೈಯಿಂದ ಮೊಬೈಲನ್ನು ಹೊರತೆಗೆದು ನೋಡತೊಡಗಿದರು. ಅನ್ಯರನ್ನು ಆಕ್ಷೇಪಿಸುವ ಉದ್ದೇಶದಿಂದ ಇದನ್ನು ಬರೆಯುತ್ತಿಲ್ಲ. ಕೊನೆಯಲ್ಲಿ ಮುದ್ರೆಯನ್ನು ಧರಿಸಿ ಬಂದ ನಾವೂ ಅದನ್ನೇ ಮಾಡಿದೆವು. ಹರಿಯ ಚಿಹ್ನೆಯನ್ನು ಹೊತ್ತ ಈ ಕೈ ನಿಜವಾಗಿ ಯಾರ ಅಧೀನದಲ್ಲಿದೆ ಎಂಬ ಪ್ರಶ್ನೆ ಆ ಕ್ಷಣದಲ್ಲಿ ಮನಸ್ಸಿಗೆ ಹೊಳೆಯಿತು. ಅದನ್ನೇ ಈ ಬಾರಿ ಸಜ್ಜನರ ಮುಂದೆ ಅರಿಕೆ ಮಾಡಿಕೊಳ್ಳಬಯಸುತ್ತೇವೆ.

ಛಾಂದೋಗ್ಯೋಪನಿಷತ್ತಿನ ಏಳನೆಯ ಅಧ್ಯಾಯದಲ್ಲಿ ಸನತ್ಕುಮಾರರು ನಾರದರಿಗೆ ಉಪದೇಶಿಸುತ್ತಾ, ಅಂತಃಕರಣದ ಶುದ್ಧಿಗೆ ಆಹಾರದ ಶುದ್ಧಿಯೇ ಮೂಲವೆಂದು ತಿಳಿಸಿರುವರು. ಈ ಮಾತನ್ನು ನಮ್ಮ ಹಿರಿಯರು ಅಡುಗೆಮನೆಯಲ್ಲಿ ಅಕ್ಷರಶಃ ಪಾಲಿಸಿದರು. ಏನನ್ನು ಉಣ್ಣಬೇಕು, ಯಾವ ತಿಥಿಯಲ್ಲಿ ಉಣ್ಣಬಾರದು, ಯಾರು ಮಡಿಯುಟ್ಟು ಬೇಯಿಸಬೇಕು ಎಂಬ ಎಲ್ಲಕ್ಕೂ ನಿಯಮವುಂಟು. ಬಾಯಿಯ ಬಾಗಿಲಿಗೆ ಇಷ್ಟು ಕಾವಲಿಟ್ಟ ನಾವು ಕಣ್ಣಿನ ಬಾಗಿಲನ್ನು ಹಗಲೂ ಇರುಳೂ ತೆರೆದಿಟ್ಟಿದ್ದೇವೆ. ನಾಲಿಗೆಯಿಂದ ಒಳಹೊಕ್ಕದ್ದು ಒಂದು ದಿನದಲ್ಲಿ ಜೀರ್ಣವಾಗುವುದು. ಕಣ್ಣಿನಿಂದ ಒಳಹೊಕ್ಕದ್ದು ಜಪಕ್ಕೆ ಕುಳಿತಾಗಲೂ ಎದ್ದುಬರುವುದು.

ಉಪಕರಣವನ್ನೇ ದೂಷಿಸುವುದು ನಮ್ಮ ಅಭಿಪ್ರಾಯವಲ್ಲ. ಮೊಣಕಾಲಿನ ಬೇನೆಯಿಂದ ದೇವಸ್ಥಾನದ ಮೆಟ್ಟಿಲು ಹತ್ತಲಾರದ ವೃದ್ಧಮಾತೆಯರು ಇಂದು ಮನೆಯಲ್ಲಿಯೇ ಕುಳಿತು ಮಹಾಮಂಗಳಾರತಿಯನ್ನು ಕಾಣುತ್ತಿದ್ದಾರೆ. ಅಮೆರಿಕದಲ್ಲಿ ಉದ್ಯೋಗದಲ್ಲಿರುವ ನಮ್ಮ ತರುಣರು ಅಲ್ಲಿಂದಲೇ ಸರ್ವಮೂಲದ ಪಾಠವನ್ನು ಕೇಳುತ್ತಿದ್ದಾರೆ. ಇದೆಲ್ಲವೂ ಹರಿಯ ಅನುಗ್ರಹವೇ. ಆದರೆ ಆ ಪಾಠವನ್ನು ಕೊಡುವ ಅದೇ ಗಾಜಿನ ಫಲಕವು ಪಾಠದ ನಡುವೆ ಏನನ್ನು ಬಡಿಸುತ್ತಿದೆ, ಏಕೆ ಬಡಿಸುತ್ತಿದೆ ಎಂಬುದನ್ನು ವಿವೇಕಿಗಳು ಅರಿಯತಕ್ಕದ್ದು.

ಗೀತೆಯ ಎರಡನೆಯ ಅಧ್ಯಾಯದಲ್ಲಿ ಭಗವಂತನು ಮನುಷ್ಯನ ಪತನದ ಕ್ರಮವನ್ನು ಹಂತಹಂತವಾಗಿ ತೋರಿಸಿದ್ದಾನೆ. ವಿಷಯಗಳನ್ನು ಮತ್ತೆ ಮತ್ತೆ ಚಿಂತಿಸುವುದರಿಂದ ಸಂಗ, ಸಂಗದಿಂದ ಕಾಮ, ಕಾಮದಿಂದ ಕ್ರೋಧ, ಕ್ರೋಧದಿಂದ ಸಂಮೋಹ, ಅದರಿಂದ ಸ್ಮೃತಿಭ್ರಂಶ ಎಂದು ಈ ಸರಪಳಿಯು ಬೆಳೆಯುತ್ತದೆ. ಇದನ್ನು ಪಾಠಶಾಲೆಯಲ್ಲಿ ಕಂಠಪಾಠ ಮಾಡಿದ್ದೆವು. ಅದರ ಅರ್ಥವು ತಿಳಿದದ್ದು ಒಂದು ಹಿತ್ತಾಳೆಯ ದೀಪದಿಂದ.

ಒಂದು ರಾತ್ರಿ ಪ್ರವಚನವನ್ನು ಕೇಳುತ್ತಿದ್ದಾಗ ಕುಸುರಿ ಕೆಲಸದ ದೀಪದ ಕಂಬವೊಂದರ ಚಿತ್ರವು ಕಣ್ಣಿಗೆ ಬಿತ್ತು. ಬೆರಳು ಅಲ್ಲಿ ಎರಡು ಕ್ಷಣ ನಿಂತಿತು. ನಾವು ಏನನ್ನೂ ಒತ್ತಲಿಲ್ಲ, ಯಾರಿಗೂ ಹೇಳಲಿಲ್ಲ. ಆದರೆ ನೋಟವು ಎಲ್ಲಿ ಎಷ್ಟು ಹೊತ್ತು ತಂಗಿತೆಂಬುದನ್ನು ಅಳೆದಿಡುವುದೇ ಈ ಜಾಲಗಳ ಮುಖ್ಯ ವ್ಯವಹಾರ. ಮರುದಿನದಿಂದ ಎಲ್ಲೆಲ್ಲಿಯೂ ದೀಪದ ಕಂಬಗಳೇ. ಇದು ವಿಷಯಧ್ಯಾನ. ಮೂರನೆಯ ದಿನ ಅದಿಲ್ಲದೆ ದೇವರಮನೆಯೇ ಬರಿದೆನಿಸಿತು. ಇದು ಸಂಗ. ನಾಲ್ಕನೆಯ ದಿನ ಹಣ ಸಂದಾಯವಾಯಿತು. ಇದು ಕಾಮ. ಹೇಳಿದ ದಿನಕ್ಕೆ ವಸ್ತು ಬಾರದಿದ್ದಾಗ, ಎರಡು ದಿನ ತಡವಾಗಿ ಬಿಸಿಲಿನಲ್ಲಿ ಬಂದ ಹುಡುಗನ ಮೇಲೆ ಕೂಗಾಡಿದೆವು. ಅಂದು ಸಾಯಂಸಂಧ್ಯೆಯ ಹೊತ್ತು ಮೀರಿದ್ದು ನೆನಪಿಗೇ ಬರಲಿಲ್ಲ. ಆ ದೀಪವನ್ನು ಇಡಲು ಅಟ್ಟವನ್ನು ಹತ್ತಿದಾಗ ಅಲ್ಲಿ ನಮ್ಮ ಅಜ್ಜಿಯ ಕಾಲದ ಎರಡು ದೀಪದ ಕಂಬಗಳು ಧೂಳು ಹಿಡಿದು ಕುಳಿತಿದ್ದವು.

ಈ ಸರಪಳಿಯನ್ನು ಮನುಷ್ಯರು ಬುದ್ಧಿಪೂರ್ವಕವಾಗಿ ಹೆಣೆದಿದ್ದಾರೆ. ಹಿಂದೆ ಪುಸ್ತಕಕ್ಕೆ ಕೊನೆಯ ಪುಟವಿತ್ತು, ಪತ್ರಿಕೆಗೂ ಇತ್ತು. 2006ರಲ್ಲಿ ಅಜಾ ರಾಸ್ಕಿನ್ ಎಂಬ ವಿನ್ಯಾಸಕಾರರು ಬೆರಳಾಡಿಸಿದಷ್ಟೂ ಕೆಳಗೆ ಹೊಸದು ಬರುತ್ತಲೇ ಇರುವ, ಕೊನೆಯಿಲ್ಲದ ಪುಟದ ಕ್ರಮವನ್ನು ರೂಪಿಸಿದರು. ಅದರ ದುಷ್ಪರಿಣಾಮವನ್ನು ಕಂಡು ಅವರೇ ಮುಂದೆ ಬಹಿರಂಗವಾಗಿ ಪಶ್ಚಾತ್ತಾಪಪಟ್ಟರು. ಎಲೆಯ ಮೇಲೆ ಮಜ್ಜಿಗೆ ಬಂದಾಗ ಊಟ ಮುಗಿಯಿತೆಂದು ತಿಳಿಯುವ ನಾವು, ಮಜ್ಜಿಗೆಯೇ ಬಾರದ ಪಂಕ್ತಿಯಲ್ಲಿ ಕುಳಿತಿದ್ದೇವೆ.

ಇನ್ನು ಮಾರಾಟದ ವಿಚಾರ. ಫ್ಲಿಪ್‌ಕಾರ್ಟ್ ಸಂಸ್ಥೆಯು 2007ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಪುಸ್ತಕ ಮಾರಾಟದಿಂದ ಆರಂಭವಾಯಿತು. 2014ರ ಅಕ್ಟೋಬರ್ 6ರಂದು, ವಿಜಯದಶಮಿಯ ಬೆನ್ನಲ್ಲೇ, ಅದು ತನ್ನ ಮೊದಲ ಮಹಾ ರಿಯಾಯಿತಿ ಮಾರಾಟವನ್ನು ನಡೆಸಿತು. ಇತರ ಸಂಸ್ಥೆಗಳೂ ಅದೇ ಹಾದಿಯನ್ನು ಹಿಡಿದವು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದ ಮೇಲೆ ಅಂತರ್ಜಾಲವು ಅಗ್ಗವಾಗಿ ಹಳ್ಳಿಯ ಜಗಲಿಗೂ ತಲುಪಿತು. ಈಗ ನವರಾತ್ರಿಯಿಂದ ದೀಪಾವಳಿಯವರೆಗಿನ ಕಾಲವೇ ಇಂಥ ವ್ಯಾಪಾರದ ಸುಗ್ಗಿ. ಸಜ್ಜನರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಆ ಕಾಲವು ನಮ್ಮ ಚಾತುರ್ಮಾಸ್ಯದ ಒಳಗೇ ಬರುತ್ತದೆ. ಶಾಸ್ತ್ರವು ಬಿಡು ಎಂದು ಹೇಳುವ ತಿಂಗಳುಗಳಲ್ಲಿಯೇ ಪೇಟೆಯು ಕೊಳ್ಳು ಎಂದು ಕೂಗುತ್ತದೆ. ನಾವು ತೊಗರಿಬೇಳೆಯನ್ನು ಬಿಟ್ಟು ದ್ವಿದಳವ್ರತವನ್ನು ನಡೆಸುತ್ತಲೇ, ಅದೇ ತಿಂಗಳಲ್ಲಿ ಬೇಡದ ಹತ್ತು ವಸ್ತುಗಳನ್ನು ಮನೆಗೆ ತುಂಬುತ್ತಿದ್ದೇವೆ.

‘ಇನ್ನು ಎರಡೇ ಉಳಿದಿವೆ’ ಎಂದು ಸುಳ್ಳು ಅವಸರ ಹುಟ್ಟಿಸುವುದು, ನಾವು ಆರಿಸದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, ಕೊನೆಯ ಹಂತದಲ್ಲಿ ಬೆಲೆಯನ್ನು ಏರಿಸುವುದು, ಇಂಥ 13 ಬಗೆಯ ತಂತ್ರಗಳನ್ನು ಹೆಸರಿಸಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ನಿರ್ಬಂಧದ ಮಾರ್ಗಸೂಚಿಯನ್ನು ಹೊರಡಿಸಿದೆ. ಸರ್ಕಾರವು ತನ್ನ ಕೆಲಸವನ್ನು ಮಾಡಲಿ. ಆದರೆ ಸುಳ್ಳು ಹೇಳದೆಯೇ ಆಸೆಯನ್ನು ಹುಟ್ಟಿಸುವ ಚಿತ್ರಕ್ಕೆ ಯಾವ ಕಾನೂನೂ ತಡೆಯೊಡ್ಡಲಾರದು. ಅದನ್ನು ತಡೆಯಬಲ್ಲದ್ದು ನಮ್ಮ ಸಂಕಲ್ಪವೊಂದೇ.

ಕೊಳ್ಳುವ ರೀತಿ ಬದಲಾದಂತೆ ಆಚರಣೆಯೂ ಬದಲಾಗುವುದು. ನಮ್ಮ ಮಾತೃಶ್ರೀಯವರ ಕಾಲದಲ್ಲಿ ಮಧ್ಯಾಹ್ನದ ಹೊತ್ತು ಕೇರಿಯ ಹೆಂಗಸರು ಒಂದೆಡೆ ಕುಳಿತು ಹೂಬತ್ತಿ, ಗೆಜ್ಜೆವಸ್ತ್ರಗಳನ್ನು ಮಾಡುತ್ತಿದ್ದರು. ಕೈಗಳು ಹತ್ತಿಯನ್ನು ಹೊಸೆಯುತ್ತಿದ್ದರೆ ಬಾಯಿಯಲ್ಲಿ ದಾಸರ ಪದಗಳು ನಡೆಯುತ್ತಿದ್ದವು. ಪಕ್ಕದಲ್ಲಿ ಆಡುತ್ತಿದ್ದ ನಮಗೆ ಆ ಪದಗಳು ಯಾರೂ ಕಲಿಸದೆಯೇ ಬಂದವು. ಈಗ ಹೂಬತ್ತಿಯ ಪೊಟ್ಟಣವು ಮೊಬೈಲಿನಲ್ಲಿ ದೊರೆಯುತ್ತದೆ. ಬತ್ತಿಯು ಚೆನ್ನಾಗಿಯೇ ಉರಿಯುತ್ತದೆ. ಆದರೆ ಪೊಟ್ಟಣದೊಡನೆ ಪದಗಳು ಬರುವುದಿಲ್ಲ.

ಹಾಗೆಯೇ ಏಕಾದಶಿಯ ನಿರ್ಣಯ. ದಶಮೀವೇಧದ ವಿಚಾರದಲ್ಲಿ ಪಂಚಾಂಗದ ಗಣಿತವು ಭಿನ್ನವಾದಾಗ ಒಂದು ಮಠದವರಿಗೂ ಮತ್ತೊಂದು ಮಠದವರಿಗೂ ಉಪವಾಸದ ದಿನವು ಕೆಲವೊಮ್ಮೆ ಬೇರೆಯಾಗುವುದು. ಹಿಂದೆ ಗೃಹಸ್ಥರು ತಮ್ಮ ಮಠದ ಪಂಚಾಂಗವನ್ನು ನೋಡಿ ನಿಶ್ಚಿಂತರಾಗಿದ್ದರು. ಇಂದು ಹಿಂದಿನ ರಾತ್ರಿ ವಾಟ್ಸಾಪಿನಲ್ಲಿ ಮೂರು ಕಡೆಯಿಂದ ಮೂರು ಸಂದೇಶಗಳು ಬರುತ್ತವೆ. ಯಾರು ಬರೆದರು, ಯಾವ ವರ್ಷದ್ದು ಎಂದು ನೋಡದೆ ಅವನ್ನು ಮುಂದೆ ದಾಟಿಸುವುದೇ ಪುಣ್ಯವೆಂಬ ಭಾವನೆ ಬೆಳೆದಿದೆ. ಸುಳ್ಳು ಸುದ್ದಿಗಳಿಂದ ಅನರ್ಥಗಳಾದ ಮೇಲೆ 2018ರಲ್ಲಿ ವಾಟ್ಸಾಪ್ ಸಂಸ್ಥೆಯೇ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳುಹಿಸುವಂತೆ ಮಿತಿಗೊಳಿಸಿತು. ಗುರುಮುಖದಿಂದ ಬಂದ ಉಪದೇಶಕ್ಕೂ, ಗುರುತಿಲ್ಲದ ಸಂದೇಶಕ್ಕೂ ಭೇದವನ್ನು ಮಾಡಲು ಭೇದವಾದಿಗಳಾದ ನಮಗೆ ಅನ್ಯರು ಕಲಿಸಬೇಕೇ?

ಈಗ ನಮ್ಮ ಅಪರಾಧವೊಂದನ್ನು ನಿವೇದಿಸಿಕೊಳ್ಳಬೇಕಾಗಿದೆ. ನಮ್ಮ ತೀರ್ಥರೂಪರು ಅರ್ಚಕರು. ಅಲಂಕಾರದಲ್ಲಿ ಅವರಿಗೆ ನಾವು ನೆರವಾಗುತ್ತೇವೆ. ನಾಲ್ಕು ವರ್ಷಗಳ ಹಿಂದೆ ಅಲಂಕಾರದ ಚಿತ್ರಗಳನ್ನು ಮೊಬೈಲಿನಲ್ಲಿ ಹಂಚತೊಡಗಿದೆವು. ಮೊದಲು ಊರ ಹೊರಗಿನ ಭಕ್ತರಿಗಾಗಿ, ಆಮೇಲೆ ಎಷ್ಟು ಜನ ಮೆಚ್ಚಿದರೆಂಬ ಎಣಿಕೆಗಾಗಿ. ಯಾವ ಬಣ್ಣದ ಪಟ್ಟೆಗೆ ಹೆಚ್ಚು ಮೆಚ್ಚುಗೆ ಬಂತೋ ಅದನ್ನೇ ಮುಂದಿನ ವಾರಕ್ಕೂ ಆರಿಸಿದೆವು. ಕೃಷ್ಣಜಯಂತಿಯ ದಿನ ಎಲ್ಲವನ್ನೂ ಮುಗಿಸಿ ನಿಂತಾಗ ತೀರ್ಥರೂಪರು ಒಳಗೆ ಬಂದು ನೋಡಿ, “ತುಳಸಿ ಎಲ್ಲಿ?” ಎಂದು ಕೇಳಿದರು.

“ಪಕ್ಕಕ್ಕೆ ಸರಿಸಿದೆ ಅಪ್ಪಾ, ಮುಖಕ್ಕೆ ಮರೆಯಾಗುತ್ತಿತ್ತು” ಎಂದೆವು.

“ಯಾರ ಕಣ್ಣಿಗೆ ಮರೆ?” ಎಂದಷ್ಟೇ ಕೇಳಿ, ತುಳಸೀಮಾಲೆಯನ್ನೆತ್ತಿ ಸ್ವಾಮಿಗೆ ಹಾಕಿ, ಮಂತ್ರವನ್ನು ಮುಂದುವರಿಸಿದರು.

ಆ ಪ್ರಶ್ನೆಗೆ ಉತ್ತರವಿರಲಿಲ್ಲ. ಹರಿಗೆ ಪ್ರಿಯಳಾದ ತುಳಸಿಯನ್ನು ನಾವು ಕಾಣದ ಜನರ ಮೆಚ್ಚುಗೆಗಾಗಿ ಸರಿಸಿದ್ದೆವು. ಕಣ್ಣಿಗೆ ಸೂರ್ಯನು ಅಭಿಮಾನಿ ದೇವತೆ, ಅವನಿಗೂ ನಿಯಾಮಕನು ಹೃಷೀಕೇಶನು ಎಂದು ಪಾಠ ಹೇಳುವವರೇ ನಮ್ಮ ಕಣ್ಣನ್ನು ಇನ್ನೊಬ್ಬರ ಎಣಿಕೆಗೆ ಒಪ್ಪಿಸಿದ್ದೆವು.

ಕನಕದಾಸರ ಬಾಳೆಹಣ್ಣಿನ ಕಥೆಯನ್ನು ಅರಿಯದವರಿಲ್ಲ. ಯಾರೂ ನೋಡದ ಕಡೆ ತಿನ್ನಿರೆಂದು ವ್ಯಾಸರಾಜರು ಹಣ್ಣು ಕೊಟ್ಟಾಗ, ಹರಿಯಿಲ್ಲದ ಸ್ಥಳವನ್ನು ಕಾಣದೆ ಕನಕರು ಹಣ್ಣಿನೊಡನೆ ಹಿಂದಿರುಗಿದರು. ರಾತ್ರಿ ದೀಪವಾರಿಸಿ ಹೊದಿಕೆಯೊಳಗೆ ಮೊಬೈಲನ್ನು ನೋಡುವಾಗ ಏಕಾಂತದಲ್ಲಿದ್ದೇವೆಂದು ನಾವು ಭಾವಿಸುತ್ತೇವೆ. ಆ ಏಕಾಂತವನ್ನೂ ಯಂತ್ರವು ಲೆಕ್ಕವಿಡುತ್ತಿರುತ್ತದೆ, ನಮಗೆ ವಸ್ತುವನ್ನು ಮಾರುವುದಕ್ಕಾಗಿ. ಹರಿಯೂ ನೋಡುತ್ತಿರುತ್ತಾನೆ, ನಮ್ಮನ್ನು ಉದ್ಧರಿಸುವುದಕ್ಕಾಗಿ. ಮೊದಲನೆಯ ಸಾಕ್ಷಿಯನ್ನು ನಂಬಿ ಎರಡನೆಯದನ್ನು ಮರೆತದ್ದೇ ನಮ್ಮ ದುರವಸ್ಥೆ.

ಆದುದರಿಂದ ಹೋದ ಚಾತುರ್ಮಾಸ್ಯದಲ್ಲಿ ನಮ್ಮ ಮನೆಯ ಮಟ್ಟಿಗೆ ನಾಲ್ಕು ನಿಯಮಗಳನ್ನು ಮಾಡಿಕೊಂಡೆವು. ಇವು ಶಾಸ್ತ್ರವಿಧಿಗಳಲ್ಲ. ವಿಧಿಸಿದ ವ್ರತಗಳೊಡನೆ ಜ್ಞಾಪಕಕ್ಕಾಗಿ ಜೋಡಿಸಿಕೊಂಡವು. ಶಾಕವ್ರತದ ತಿಂಗಳಲ್ಲಿ, ಮೊಬೈಲಿನಲ್ಲಿ ಕಂಡು ಬೇಕೆನಿಸಿದ್ದನ್ನು ಕಾಗದದಲ್ಲಿ ಬರೆದಿಟ್ಟು ಮುಂದಿನ ಏಕಾದಶಿಯವರೆಗೆ ಕೊಳ್ಳದಿರುವುದು. ಪಾರಣೆಯ ನಂತರವೂ ಅಗತ್ಯವೆನಿಸಿದರೆ ಮಾತ್ರ ಕೊಳ್ಳುವುದು. ದಧಿವ್ರತದ ತಿಂಗಳಲ್ಲಿ, ಊಟದ ಎಲೆಯ ಮುಂದೆ ಮೊಬೈಲನ್ನು ತಾರದಿರುವುದು. ಮಗುವಿಗೆ ಚಿತ್ರ ತೋರಿಸಿ ಉಣಿಸದಿರುವುದು. ಕ್ಷೀರವ್ರತದ ತಿಂಗಳಲ್ಲಿ, ಪೂರ್ಣವಾಗಿ ಓದಿ ವಿಚಾರಿಸದ ಯಾವ ಸಂದೇಶವನ್ನೂ ಅನ್ಯರಿಗೆ ದಾಟಿಸದಿರುವುದು. ದ್ವಿದಳವ್ರತದ ತಿಂಗಳಲ್ಲಿ, ಸಂಜೆ ದೇವರ ಮುಂದೆ ದೀಪ ಹಚ್ಚಿದ ಮೇಲೆ ರಾತ್ರಿಯ ಫಲಾಹಾರ ಮುಗಿಯುವವರೆಗೆ ಮೊಬೈಲನ್ನು ಮುಟ್ಟದಿರುವುದು.

ಇವನ್ನು ನಿರ್ವಿಘ್ನವಾಗಿ ನಡೆಸಿದೆವೆಂದು ಹೇಳಲಾರೆವು. ಎರಡನೆಯ ತಿಂಗಳಲ್ಲಿ ಮಗುವಿನ ಹಠಕ್ಕೆ ಸೋತು ನಿಯಮವು ಎರಡು ಬಾರಿ ಮುರಿಯಿತು. ಆದರೂ ಮೊದಲ ತಿಂಗಳಲ್ಲಿ ಬರೆದ ಹನ್ನೊಂದು ವಸ್ತುಗಳಲ್ಲಿ ಏಕಾದಶಿ ಕಳೆದ ಮೇಲೆ ಬೇಕೆನಿಸಿದ್ದು ಮೂರೇ. ನಾಲ್ಕನೆಯ ತಿಂಗಳ ಸಂಜೆಗಳಲ್ಲಿ ಮಾಡಲು ಬೇರೆ ಕೆಲಸವಿಲ್ಲದೆ ಮಾತೃಶ್ರೀಯವರು ಹತ್ತಿಯ ಬುಟ್ಟಿಯನ್ನು ಹೊರತೆಗೆದರು. ಮೂರನೆಯ ವಾರದಲ್ಲಿ ನಮ್ಮ ಮಗಳು ಅರ್ಧ ಪದವನ್ನು ತಾನಾಗಿಯೇ ಹಾಡಿದಳು.

ಉಪವಾಸದಿಂದ ವಿಷಯಗಳು ದೂರವಾದರೂ ಅವುಗಳ ರುಚಿ ಉಳಿದಿರುವುದೆಂದೂ, ಆ ರುಚಿಯು ಪರಮಾತ್ಮನ ದರ್ಶನದಿಂದಲೇ ತೊಲಗುವುದೆಂದೂ ಗೀತಾಚಾರ್ಯನು ಎಚ್ಚರಿಸಿದ್ದಾನೆ. ಆದ್ದರಿಂದ ಬಿಡುವುದಷ್ಟೇ ಸಾಲದು. ಬಿಟ್ಟ ಸ್ಥಳದಲ್ಲಿ ಹರಿಯ ಗುಣಶ್ರವಣವನ್ನು ತುಂಬಬೇಕು. ಬರಿದಾಗಿಟ್ಟ ಕಣ್ಣನ್ನು ಪೇಟೆಯು ಮರುಗಳಿಗೆಯೇ ತುಂಬುವುದು.

ಸಜ್ಜನರೇ, ಬರುವ ಏಕಾದಶಿಯಂದು ಮುದ್ರೆಯನ್ನು ಧರಿಸಿ ಹೊರಬಂದಾಗ ಆ ತೋಳಿನ ಉರಿಯು ತಣಿಯುವವರೆಗಾದರೂ ಕೈಯನ್ನು ಬರಿದಾಗಿಟ್ಟುಕೊಳ್ಳೋಣ. ಈ ಕೈ ಯಾರದೆಂಬುದನ್ನು ಅಷ್ಟು ಹೊತ್ತು ಸ್ಮರಿಸೋಣ. ಅಸ್ವತಂತ್ರರಾದ ನಮ್ಮಿಂದ ಈ ಅಲ್ಪ ನಿಯಮವನ್ನೂ ನಡೆಸಿಕೊಡಬೇಕಾದವನು ಸ್ವತಂತ್ರನಾದ ಆ ಶ್ರೀಹರಿಯೇ. ಮುಖ್ಯಪ್ರಾಣಾಂತರ್ಗತನಾದ ಅವನಲ್ಲಿ ಹಾಗೆಂದು ಪ್ರಾರ್ಥಿಸುತ್ತಾ ಈ ಅರಿಕೆಯನ್ನು ಮುಗಿಸುತ್ತೇವೆ.

ಶ್ರೀಕೃಷ್ಣಾರ್ಪಣಮಸ್ತು