ಗುರುಸನ್ನಿಧಿಯೂ ಕೈವಿದ್ಯೆಯೂ

ಗುರುವಿನ ಸನ್ನಿಧಿಯಿಲ್ಲದೆ ದೊರೆತ ವಿದ್ಯೆಯನ್ನು ವಿದ್ಯೆಯೆಂದು ಒಪ್ಪಬಹುದೇ ಎಂಬ ಪ್ರಶ್ನೆಯು ಭರತಖಂಡದಲ್ಲಿ ಬಹು ಪುರಾತನವಾದುದು. ವೇದಾಧ್ಯಯನದಲ್ಲಿಯೂ ಸಂಗೀತದಲ್ಲಿಯೂ ಮಲ್ಲವಿದ್ಯೆಯಲ್ಲಿಯೂ ಹಿರಿಯರು ಇದನ್ನು ಬಗೆಬಗೆಯಾಗಿ ವಿಚಾರಿಸಿರುವರು. ಈಗ ಆ ಪ್ರಶ್ನೆಯು ಯಂತ್ರವಿದ್ಯೆಯ ಬಾಗಿಲಿಗೆ ಬಂದು ನಿಂತಿದೆ. ಕಾಲೇಜಿನ ಹೊಸ್ತಿಲನ್ನು ದಿನವೂ ತುಳಿಯದೆ, ಮನೆಯಲ್ಲಿಯೇ ಕುಳಿತು, ಅಂತರ್ಜಾಲದ ಮೂಲಕ ಅಲ್ಪ ವೆಚ್ಚದಲ್ಲಿ ಕೈಗಾರಿಕಾ ತಂತ್ರಜ್ಞಾನವನ್ನು ಅಭ್ಯಸಿಸಿ ಪದವಿಯನ್ನು ಪಡೆಯುವ ಹಾದಿಗಳು ಒಂದೊಂದಾಗಿ ತೆರೆಯುತ್ತಿರುವುವು. ಅಂತಹ ಪದವಿಯನ್ನು ಕೊಡುವುದು ನ್ಯಾಯವೇ, ಪಡೆಯುವುದು ಶ್ರೇಯಸ್ಕರವೇ ಎಂಬುದು ವಿಚಾರಾರ್ಹವಾದ ವಿಷಯ.

ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಗೆ ಇದು ಬರಿಯ ತರ್ಕದ ಮಾತಲ್ಲ. 2009ರ ಡಿಸೆಂಬರಿನಲ್ಲಿ ಕಲಬುರಗಿಯಿಂದ ಬೇರ್ಪಟ್ಟು ಜಿಲ್ಲೆಯಾದ ಈ ನಾಡಿನಲ್ಲಿ, 2011ರ ಜನಗಣತಿಯ ಪ್ರಕಾರ, ಅಕ್ಷರ ಬಲ್ಲವರು ನೂರಕ್ಕೆ 52 ಮಂದಿ. ಕರ್ನಾಟಕದ ಜಿಲ್ಲೆಗಳಲ್ಲೆಲ್ಲ ಇದೇ ಕಡೆಯ ಸ್ಥಾನವಾಗಿತ್ತು. ನಾರಾಯಣಪುರದ ಕಾಲುವೆಗಳಿಂದ ಕೃಷ್ಣೆಯ ನೀರು ಕೆಲವು ಹೊಲಗಳಿಗೆ ಬಂದಿದೆ. ಭತ್ತ ಬೆಳೆಯುತ್ತದೆ, ಹತ್ತಿಯ ಮಿಲ್ಲುಗಳು ನಡೆಯುತ್ತವೆ. ಆದರೂ ಸುಗ್ಗಿ ಮುಗಿಯುತ್ತಲೇ ಒಣಭೂಮಿಯ ಹಳ್ಳಿಗಳಿಂದ ಎಷ್ಟೋ ಸಂಸಾರಗಳು ಗಂಟುಮೂಟೆ ಕಟ್ಟಿಕೊಂಡು ಗುಳೆ ಹೋಗುವುದು ತಪ್ಪಿಲ್ಲ. ಕಡೇಚೂರು, ಬಾಡಿಯಾಳಗಳ ಮಗ್ಗುಲಲ್ಲಿ ಕೈಗಾರಿಕೆಗಳಿಗೆಂದು ಮೂರು ಸಾವಿರ ಎಕರೆಗೂ ಮಿಕ್ಕ ಭೂಮಿಯು ಒಕ್ಕಲಿಗರ ಕೈಬಿಟ್ಟುಹೋಯಿತು. ರೈಲುಬೋಗಿಯ ಚೌಕಟ್ಟುಗಳನ್ನು ಮಾಡುವ ಕಾರ್ಖಾನೆಯೂ ರಾಸಾಯನಿಕದ ಕಾರ್ಖಾನೆಗಳೂ ಅಲ್ಲಿ ಎದ್ದವು. ಭೂಮಿ ಕೊಟ್ಟ ಮನೆಯ ಮಗನು ಆ ಕಾರ್ಖಾನೆಯ ಗೇಟು ಕಾಯುತ್ತ ನಿಲ್ಲಬೇಕೋ, ಒಳಗಿನ ಯಂತ್ರದ ಮರ್ಮವನ್ನು ಬಲ್ಲವನಾಗಿ ನಡೆಯಬೇಕೋ? ಯಂತ್ರವಿದ್ಯೆಯು ಯಾರಿಗೆ, ಯಾವ ಬೆಲೆಗೆ, ಯಾವ ರೀತಿಯಲ್ಲಿ ದೊರೆಯಬೇಕೆಂಬ ಪ್ರಶ್ನೆಯ ಹಿಂದೆ ಇಲ್ಲಿಯ ಜನರ ಅನ್ನದ ಪ್ರಶ್ನೆಯಿದೆ.

ಶಹಾಪುರದ ಕಡೆಯ ಒಬ್ಬ ತರುಣನನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ತಂದೆಯು ಹತ್ತಿಯ ಮಿಲ್ಲಿನಲ್ಲಿ ಹಮಾಲಿ. ಹುಡುಗನು ಗಣಿತದಲ್ಲಿ ಚುರುಕು. ಆದರೆ ಬೆಂಗಳೂರಿನಲ್ಲಿ ನಾಲ್ಕು ವರ್ಷ ಊಟ, ವಸತಿ, ಶುಲ್ಕಗಳನ್ನು ತೆತ್ತು ಓದುವ ಶಕ್ತಿ ಆ ಮನೆಗಿಲ್ಲ. ಹಗಲು ದುಡಿದು, ರಾತ್ರಿ ಮೊಬೈಲಿನ ಬೆಳಕಿನಲ್ಲಿ ಪಾಠ ಕೇಳುವೆನೆಂದು ಅವನು ಮುಂದೆ ಬಂದರೆ, ಅವನಿಗೆ ಏನು ಹೇಳಬೇಕು?

ಪೂರ್ವಪಕ್ಷದವರು ಹೇಳುವುದು ಹೀಗೆ: ಈಜನ್ನು ದಡದಲ್ಲಿ ಕುಳಿತು ಕಲಿಯಲಾಗದು, ಯಂತ್ರವನ್ನು ಮುಟ್ಟದೆ ಯಂತ್ರಜ್ಞನೆಂಬ ಬಿರುದನ್ನು ಕೊಟ್ಟರೆ ಅದು ಹುಡುಗನಿಗೂ ಮೋಸ, ಅವನನ್ನು ನಂಬುವ ಲೋಕಕ್ಕೂ ಮೋಸ. ಈ ಆಕ್ಷೇಪವು ಹುಸಿಯಲ್ಲ. ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ಅಪ್ಪಣೆಯಿಲ್ಲದೆ ಅಂಚೆಶಿಕ್ಷಣದಿಂದ ಎಂಜಿನಿಯರಿಂಗ್ ಪದವಿಗಳನ್ನು ಹಂಚಿದ ವಿಷಯವು ಸುಪ್ರೀಂ ಕೋರ್ಟಿನವರೆಗೆ ಹೋಗಿ, 2017ರ ನವೆಂಬರ್ 3ರಂದು ತೀರ್ಪಾಯಿತು. 2001ರಿಂದ 2005ರವರೆಗೆ ಸೇರಿದವರ ಪದವಿಗಳು ಮರುಪರೀಕ್ಷೆಯಲ್ಲಿ ಉತ್ತೀರ್ಣರಾಗುವವರೆಗೆ ತಡೆಹಿಡಿಯಲ್ಪಟ್ಟುವು; ಆಮೇಲೆ ಸೇರಿದವರ ಪದವಿಗಳು ರದ್ದಾದುವು. ವರ್ಷಗಟ್ಟಲೆ ಓದಿ, ಕೆಲಸದಲ್ಲಿದ್ದು, ಬಡ್ತಿ ಪಡೆದಿದ್ದವರ ಕೈಯ ಕಾಗದವು ಒಂದೇ ದಿನದಲ್ಲಿ ನಿರರ್ಥಕವಾಯಿತು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2020ರ ನಿಯಮಾವಳಿಯೂ ದೂರಶಿಕ್ಷಣದಿಂದಾಗಲಿ ಆನ್‌ಲೈನಿನಿಂದಾಗಲಿ ಕಲಿಸಬಾರದ ವಿಷಯಗಳಲ್ಲಿ ಎಂಜಿನಿಯರಿಂಗನ್ನು ಸೇರಿಸಿತು. ಅಗ್ಗವೆಂದು ನಂಬಿದುದು ಕೆಲವರಿಗೆ ಅತ್ಯಂತ ತುಟ್ಟಿಯಾಯಿತೆಂಬುದನ್ನು ಮರೆಯಲಾಗದು.

ಉತ್ತರಪಕ್ಷದವರ ಮಾತಿನಲ್ಲಿಯೂ ಸತ್ಯವುಂಟು. ಸನ್ನಿಧಿಗೆ ಬಾರದವನಿಗೆ ವಿದ್ಯೆಯಿಲ್ಲವೆಂದರೆ, ಬರಲು ಹಣವಿಲ್ಲದವನಿಗೆ ವಿದ್ಯೆಯಿಲ್ಲವೆಂದೇ ಹೇಳಿದಂತಾಗುವುದು. 2003ರಲ್ಲಿ ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ ಆರಂಭಿಸಿದ ಎನ್‌ಪಿಟಿಇಎಲ್ ಎಂಬ ಯೋಜನೆಯಿಂದ ದೊಡ್ಡ ಆಚಾರ್ಯರ ಉಪನ್ಯಾಸಗಳು ಯಾರಿಗಾದರೂ ಪುಕ್ಕಟೆಯಾಗಿ ದೊರೆಯುವಂತಾದುವು. ತಮ್ಮದೇ ಶಾಸನದ ಅಧಿಕಾರವುಳ್ಳ ಐಐಟಿಗಳಲ್ಲಿ ಒಂದಾದ ಮದ್ರಾಸಿನ ಸಂಸ್ಥೆಯು 2023ರಲ್ಲಿ ಎಲೆಕ್ಟ್ರಾನಿಕ್ ವ್ಯವಸ್ಥೆಗಳನ್ನು ಕುರಿತ ವಿಜ್ಞಾನ ಪದವಿಯೊಂದನ್ನು ಹೀಗೆಯೇ ಆರಂಭಿಸಿತು. ಪಾಠಗಳು ಅಂತರ್ಜಾಲದಲ್ಲಿ ನಡೆಯುವುವು; ಪರೀಕ್ಷೆಗೆ ಗೊತ್ತಾದ ಕೇಂದ್ರಕ್ಕೆ ಹೋಗಿ ಕೂಡಬೇಕು; ಪ್ರಯೋಗಗಳಿಗಾಗಿ ಚೆನ್ನೈಗೇ ಬಂದು ಕೈಯಿಂದ ಮಾಡಿ ತೋರಿಸಬೇಕು. ಬಡ ಮನೆಯ ಮಕ್ಕಳಿಗೆ ಶುಲ್ಕದಲ್ಲಿ ಮುಕ್ಕಾಲು ಪಾಲಿನವರೆಗೆ ವಿನಾಯಿತಿಯುಂಟು. ಮುಂಬಯಿಯಿಂದ ಚೆನ್ನೈಗೆ ಹೋಗುವ ರೈಲುಹಾದಿಯು ಯಾದಗಿರಿಯ ಮೇಲೆಯೇ ಹಾದುಹೋಗುವುದರಿಂದ ಈ ಪಯಣವು ಇಲ್ಲಿಯ ಹುಡುಗನಿಗೆ ಅಸಾಧ್ಯವಲ್ಲ. ಇಲ್ಲಿ ಲಕ್ಷ್ಯಕ್ಕೆ ತರಬೇಕಾದುದು ಒಂದು ಅಂಶ: ಪಾಠವನ್ನು ದೂರಕ್ಕೆ ಕಳುಹಿಸಿದ ಈ ಸಂಸ್ಥೆಯೇ ಪ್ರಯೋಗವನ್ನು ದೂರಕ್ಕೆ ಕಳುಹಿಸಲು ಒಪ್ಪಲಿಲ್ಲ.

ಈ ವಿಚಾರದಲ್ಲಿ ಏಕಲವ್ಯನ ಕಥೆಯು ತಾನಾಗಿ ನೆನಪಿಗೆ ಬರುವುದು. ನಿಷಾದರಾಜನ ಮಗನಾದ ಅವನನ್ನು ದ್ರೋಣನು ಶಿಷ್ಯನಾಗಿ ಸ್ವೀಕರಿಸಲಿಲ್ಲ. ಅವನು ಕಾಡಿನಲ್ಲಿ ಮಣ್ಣಿನ ಮೂರ್ತಿಯನ್ನು ನಿಲ್ಲಿಸಿಕೊಂಡು ಬಿಲ್ವಿದ್ಯೆಯನ್ನು ಸಾಧಿಸಿದನು. ಈ ಕಥೆಯನ್ನು ಗುರುಭಕ್ತಿಗೆ ನಿದರ್ಶನವಾಗಿ ಹೇಳುವುದು ರೂಢಿ. ದೂರಶಿಕ್ಷಣದ ಅಭಿಮಾನಿಗಳು ಗುರುವು ಅನಾವಶ್ಯಕನೆಂಬುದಕ್ಕೂ ಇದನ್ನೇ ಹೇಳುವರು. ಎರಡು ಕಡೆಯವರೂ ಒಂದು ಮಾತನ್ನು ಬಿಡುತ್ತಾರೆ. ಏಕಲವ್ಯನ ಮುಂದೆ ಇದ್ದ ಗುರುವು ಮಣ್ಣಿನವನಾಗಿರಬಹುದು. ಕೈಯಲ್ಲಿದ್ದ ಬಿಲ್ಲು ಮಣ್ಣಿನದಾಗಿರಲಿಲ್ಲ. ಹೆದೆಯು ಅವನ ಬೆರಳನ್ನು ನಿಜವಾಗಿಯೇ ಕೊಯ್ದಿತು, ತಪ್ಪಿದ ಬಾಣವು ನಿಜವಾಗಿಯೇ ತಪ್ಪಿತು, ಆ ತಪ್ಪು ಅವನನ್ನು ತಿದ್ದಿತು. ಕಡೆಗೆ ಏನನ್ನೂ ಕಲಿಸದ ಗುರುವು ದಕ್ಷಿಣೆಯಾಗಿ ಬೇಡಿದುದು ಬಲಗೈಯ ಹೆಬ್ಬೆರಳನ್ನು, ಎಂದರೆ ಕೈವಿದ್ಯೆಯ ಮೂಲವನ್ನೇ. ಲೇತನ್ನಾಗಲಿ ಮೋಟಾರನ್ನಾಗಲಿ ಒಮ್ಮೆಯೂ ಮುಟ್ಟಿಸದೆ, ಶುಲ್ಕವನ್ನು ತೆಗೆದುಕೊಂಡು, ಯಂತ್ರಜ್ಞನೆಂದು ಪತ್ರ ಬರೆದುಕೊಡುವ ಸಂಸ್ಥೆಯು ತಿಳಿದೋ ತಿಳಿಯದೆಯೋ ಅದೇ ದಕ್ಷಿಣೆಯನ್ನು ಕೇಳುತ್ತಿದೆ.

ಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಅಂತರ್ಜಾಲದ ಪಾಠವು ಶಬ್ದಪ್ರಮಾಣ. ಯಂತ್ರಶಾಲೆಯ ಅನುಭವವು ಪ್ರತ್ಯಕ್ಷ. ಶಬ್ದದಿಂದ ಬರುವ ಜ್ಞಾನವು ಕೀಳಲ್ಲ. ಉಕ್ಕು ಬಿಸಿಗೆ ಏಕೆ ಹಿಗ್ಗುವುದು, ಬೇರಿಂಗಿನ ಮೇಲೆ ಭಾರವು ಹೇಗೆ ಹಂಚಿಹೋಗುವುದು, ಒಂದು ಕಾರ್ಖಾನೆಯಲ್ಲಿ ಕೆಲಸದ ಸರದಿಯನ್ನು ಹೇಗೆ ಹೊಂದಿಸಬೇಕು ಎಂಬಿವನ್ನು ಒಳ್ಳೆಯ ಆಚಾರ್ಯನು ಸಾವಿರ ಹರದಾರಿಯ ಆಚೆಯಿಂದಲೂ ಸ್ಪಷ್ಟವಾಗಿ ತಿಳಿಸಬಲ್ಲನು. ಆದರೆ ಮಿಲಿಮೀಟರಿನ ನೂರನೆಯ ಒಂದು ಪಾಲನ್ನು ಅಳೆಯುವ ಮೈಕ್ರೋಮೀಟರನ್ನು ಎಷ್ಟು ಬಿಗಿಯಬೇಕೆಂಬುದು ಬೆರಳಿಗೇ ತಿಳಿಯಬೇಕು. ಬಿಗಿಯು ಹೆಚ್ಚಾದರೆ ಅಳತೆಯೇ ಸುಳ್ಳಾಗುವುದು. ಲೇತಿನಲ್ಲಿ ಉಕ್ಕನ್ನು ಕಡೆಯುವಾಗ ಅಲಗು ಅದುರಿ ಕಿರುಚುವ ಸದ್ದು, ಕಾವು ಮಿತಿಮೀರಿದಾಗ ಚೂರುಗಳಿಗೆ ಬರುವ ನೀಲಿ ಬಣ್ಣ, ಹತ್ತಿಯ ಜಿನ್ನಿನ ಚರ್ಮದ ಉರುಳೆಗೂ ಅಲಗಿಗೂ ನಡುವೆ ಇರಬೇಕಾದ ಒತ್ತು, ಇವು ತಪ್ಪು ಮಾಡಿ ತಿದ್ದಿಕೊಂಡಲ್ಲದೆ ಬಾರದ ತಿಳಿವಳಿಕೆಗಳು. ಪರದೆಯ ಮೇಲೆ ಇವನ್ನು ಕಾಣಬಹುದು. ಕಂಡವನ ಕೈ ಮಾತ್ರ ಮೊದಲಿನಂತೆಯೇ ಉಳಿಯುವುದು.

ಹಾಗಾದರೆ ಎರಡನ್ನೂ ಕೂಡಿಸಲು ಸಾಧ್ಯವೇ? ಸುರಪುರದ ಇತಿಹಾಸವೇ ಇದಕ್ಕೊಂದು ನಿದರ್ಶನವನ್ನು ಕೊಡುವುದು. ರಾಜಾ ವೆಂಕಟಪ್ಪ ನಾಯಕನು ಬಾಲಕನಾಗಿದ್ದಾಗ, 1841ರಿಂದ 1853ರವರೆಗೆ, ಸಂಸ್ಥಾನದ ಆಡಳಿತವನ್ನು ನೋಡಿಕೊಂಡ ಮೆಡೋಸ್ ಟೇಲರನು ಯಾವ ಎಂಜಿನಿಯರಿಂಗ್ ಶಾಲೆಯಲ್ಲಿಯೂ ಓದಿದವನಲ್ಲ. ಹದಿನೈದನೆಯ ವಯಸ್ಸಿನಲ್ಲಿ ಮುಂಬಯಿಗೆ ಬಂದು ಒಬ್ಬ ವ್ಯಾಪಾರಿಯಲ್ಲಿ ಗುಮಾಸ್ತೆಯಾದವನು. ಭಾಷೆಗಳನ್ನೂ ಕಾನೂನನ್ನೂ ಭೂಮಾಪನವನ್ನೂ ತನ್ನಷ್ಟಕ್ಕೆ ತಾನೇ ಸಾಧಿಸಿದನು. ಬೋನಾಳದ ಕೆರೆಯ ಕೆಲಸದಲ್ಲಿ ಅವನ ಕೈಯಿತ್ತು. ಪುಸ್ತಕವು ಅವನಿಗೆ ದೂರದಿಂದ ಬಂದಿರಬಹುದು. ಏರಿಯ ಮಣ್ಣೂ, ನೀರಿನ ಒತ್ತೂ, ಮಣ್ಣಿನ ಗುಣ ಬಲ್ಲ ಊರಿನ ಒಡ್ಡರೂ ಹತ್ತಿರದಲ್ಲಿಯೇ ಇದ್ದರು. ಅವನಿಗೆ ಅಧಿಕಾರವಿದ್ದುದರಿಂದ ಆ ಕೆರೆಯ ಬಳಿಗೆ ಹೋಗಲು ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಶಹಾಪುರದ ಹಮಾಲಿಯ ಮಗನಿಗೆ ಇಲ್ಲದಿರುವುದು ಆ ಪ್ರವೇಶವೇ.

ವಿದ್ಯೆಯ ಕಾಲು ಪಾಲು ಗುರುವಿನಿಂದ, ಕಾಲು ಪಾಲು ಸ್ವಬುದ್ಧಿಯಿಂದ, ಕಾಲು ಪಾಲು ಸಹಪಾಠಿಗಳಿಂದ, ಉಳಿದುದು ಕಾಲಕ್ರಮದಿಂದ ಎಂದು ಹಿರಿಯರು ವಿಭಾಗಿಸಿದುದುಂಟು. ಅಂತರ್ಜಾಲವು ಮೊದಲನೆಯ ಪಾಲನ್ನು ಅಗ್ಗ ಮಾಡಿತು, ಎರಡನೆಯದು ಹುಡುಗನದೇ. ಸಹಪಾಠಿಯ ಪಾಲೂ, ಕೆಲಸದಲ್ಲಿ ಪಳಗಿ ಕಾಲಾಂತರದಲ್ಲಿ ಬರುವ ಪಾಲೂ ಊರಿನಿಂದಲೇ ಒದಗಬೇಕು. ಆದುದರಿಂದ ಇಲ್ಲಿ ಮೂವರ ಧರ್ಮವು ಅಡಕವಾಗಿದೆ. ಪದವಿ ಕೊಡುವವರು ತಾವು ಯಾವುದನ್ನು ಕಲಿಸಿದೆವು, ಯಾವುದನ್ನು ಕಲಿಸಲಿಲ್ಲ, ತಮ್ಮ ಪದವಿಗೆ ಯಾವ ಮಾನ್ಯತೆಯುಂಟು ಎಂಬುದನ್ನು ಹಣ ಮುಟ್ಟುವ ಮೊದಲೇ ಮರೆಮಾಚದೆ ಹೇಳತಕ್ಕದ್ದು. ಕಲಿಯುವವನು ಪತ್ರವನ್ನೇ ವಿದ್ಯೆಯೆಂದು ಭ್ರಮಿಸದೆ, ರಾತ್ರಿ ಕೇಳಿದುದನ್ನು ಹಗಲು ಕೈಯಿಂದ ಪರೀಕ್ಷಿಸಿ ನೋಡತಕ್ಕದ್ದು. ಮೂರನೆಯವರು ಊರಿನವರು. ಯಾದಗಿರಿಯ ಜಿನ್ನಿಂಗ್ ಮಿಲ್ಲಿನ ಮಾಲೀಕರು, ಶಹಾಪುರದ ಅಕ್ಕಿ ಗಿರಣಿಯವರು, ಮೋಟಾರು ರಿಪೇರಿಯ ಮೇಸ್ತ್ರಿಗಳು, ಕಡೇಚೂರಿನ ಕಾರ್ಖಾನೆಯವರು, ಇವರೆಲ್ಲರೂ ಇಂತಹ ಹುಡುಗರಿಗೆ ವಾರದಲ್ಲಿ ಒಂದೆರಡು ದಿನ ಬಾಗಿಲು ತೆರೆಯಬಹುದು. 1961ರ ಅಪ್ರೆಂಟಿಸ್ ಕಾಯಿದೆಯು ಕೆಲಸದ ಸ್ಥಳವೂ ಶಾಲೆಯೆಂಬುದನ್ನು ಎಂದೋ ಒಪ್ಪಿದೆ. ಕಾಯಿದೆಯು ಬಲವಂತ ಮಾಡದ ಕಡೆಯಲ್ಲಿ ಸೌಜನ್ಯವು ಅದನ್ನು ನಡೆಸಬಹುದು.

ಇದನ್ನು ದಾನವೆಂದು ಕರೆಯುವುದು ಸರಿಯಾಗದು. ಇದೇ ನೆಲದ ಹತ್ತಿಯಿಂದಲೂ ಭತ್ತದಿಂದಲೂ, ಇದೇ ಜನರು ಬಿಟ್ಟುಕೊಟ್ಟ ಹೊಲದ ಮೇಲೆಯೂ ಆ ಯಂತ್ರಗಳು ನಡೆಯುತ್ತಿರುವುವು. ಆದುದರಿಂದ ಇದು ಋಣದ ಮಾತು. ಹಮಾಲಿಯ ಮಗನು ಪಾಠಕ್ಕೆ ಬೇಕಾದ ನಿದ್ದೆಯನ್ನು ತಾನೇ ಬಿಡುವನು. ತಂದೆಯು ಮೂಟೆ ಹೊರುವ ಮಿಲ್ಲಿನಲ್ಲಿಯೇ ಮಗನು ಯಂತ್ರದ ಬಳಿ ನಿಂತು ಒಂದು ಪ್ರಶ್ನೆ ಕೇಳಿದರೆ, ಅವನನ್ನು ಗದರಿಸಿ ಕಳುಹಿಸದೆ ಉತ್ತರ ಹೇಳುವವರು ಊರಿನಲ್ಲಿ ಒಬ್ಬರಾದರೂ ಇದ್ದರೆ, ಆ ಅಗ್ಗದ ಪದವಿಯು ಹುಸಿಯಾಗದೆ ಉಳಿದೀತು.